ನಾರ್‌ಈಸ್ಟರ್: ಹೆಸರಿನಲ್ಲಿರುವುದು ಯಾವ ಈಶಾನ್ಯ?

ಅಮೆರಿಕದಲ್ಲಿ ಎಲ್ಲೇ ಹಿಮ ಬಿದ್ದರೂ ನಮ್ಮ ಸುದ್ದಿಗಳಲ್ಲಿ ಈಗ ಅದಕ್ಕೆ ‘ನಾರ್‌ಈಸ್ಟರ್’ ಎಂದು ಹೆಸರು. ಬಫಲೋದಲ್ಲಿ ಕಾರುಗಳು ಹೂತುಹೋದರೂ ನಾರ್‌ಈಸ್ಟರ್, ಚಿಕಾಗೋದಲ್ಲಿ ವಿಮಾನ ರದ್ದಾದರೂ ನಾರ್‌ಈಸ್ಟರ್. ಈಚೆಗೆ ಓದಿದ ವರದಿಯೊಂದು ‘ಅಮೆರಿಕದ ಈಶಾನ್ಯ ರಾಜ್ಯಗಳನ್ನು ಕಾಡುವ ಹಿಮಪಾತ’ ಎಂದು ಅರ್ಥವನ್ನೂ ಕೊಟ್ಟಿತ್ತು. ಇಷ್ಟು ಚಿಕ್ಕ ವಾಕ್ಯದಲ್ಲಿ ಎರಡು ತಪ್ಪು. ಇದು ಅಮೆರಿಕದ ಪೂರ್ವ ಕರಾವಳಿಯ ಒಂದು ಬಗೆಯ ಬಿರುಗಾಳಿ. ಹೆಸರಿನಲ್ಲಿರುವ ಈಶಾನ್ಯ ಆ ರಾಜ್ಯಗಳದ್ದಲ್ಲ; ಹಿಮ ಬೀಳಲೇಬೇಕೆಂಬ ನಿಯಮವೂ ಇಲ್ಲ. ನ್ಯೂಜೆರ್ಸಿ, ಬಾಸ್ಟನ್ ಕಡೆ ಮಕ್ಕಳಿರುವ ಅಪ್ಪ ಅಮ್ಮಂದಿರು ಇಲ್ಲಿ ಕೂತು ಇದೇ ಸುದ್ದಿ ನೋಡಿ ಗಾಬರಿಯಿಂದ ಫೋನ್ ಮಾಡುತ್ತಾರೆ. ಅವರಿಗಾಗಿಯಾದರೂ ಈ ಪದವನ್ನು ಸರಿಯಾಗಿ ಬಳಸಬೇಕು.

ಗೊಂದಲಕ್ಕೆ ಕಾರಣವಿದೆ, ಒಪ್ಪುತ್ತೇನೆ. ಈ ಬಿರುಗಾಳಿಯ ಸುತ್ತ ಮೂರು ಈಶಾನ್ಯಗಳಿವೆ. ಅದು ಹೆಚ್ಚಾಗಿ ಬಡಿಯುವುದು ದೇಶದ ಈಶಾನ್ಯ ಭಾಗಕ್ಕೆ. ಅದು ಸಾಗುವುದೂ ಕರಾವಳಿಯ ಗುಂಟ ಈಶಾನ್ಯದ ಕಡೆಗೇ. ಬಂದಾಗ ದಡದ ಮೇಲೆ ಬೀಸುವ ಗಾಳಿ ಈಶಾನ್ಯದಿಂದ ಬರುತ್ತದೆ. ಹೆಸರು ಹುಟ್ಟಿದ್ದು ಈ ಮೂರನೆಯದರಿಂದ, ಅದೊಂದರಿಂದ ಮಾತ್ರ. ಕನ್ನಡದವರಿಗೆ ಇದು ಕಷ್ಟವಾಗಲೇಬಾರದು. ನೈಋತ್ಯ ಮುಂಗಾರು ಎಂದಾಗ ಅದು ನೈಋತ್ಯಕ್ಕೆ ಹೋಗುವ ಮಳೆಯೆಂದು ಯಾರೂ ತಿಳಿಯುವುದಿಲ್ಲ. ಹಿಂಗಾರು ತರುವ ಈಶಾನ್ಯ ಮಾರುತವೂ ಹಾಗೆಯೇ. ಬಂಗಾಳದ ಬೇಸಗೆಯ ಗುಡುಗು-ಬಿರುಗಾಳಿಯಾದ ಕಾಲಬೈಸಾಖಿಯನ್ನು ಇಂಗ್ಲಿಷಿನವರು ‘ನಾರ್‌ವೆಸ್ಟರ್’ ಎಂದದ್ದು ಅದು ವಾಯುವ್ಯದಿಂದ ನುಗ್ಗುವುದರಿಂದ. ಗಾಳಿಗೆ ಅದು ಬರುವ ದಿಕ್ಕಿನ ಹೆಸರಿಡುವುದು ನಮ್ಮಲ್ಲೂ ಅಲ್ಲೂ ಒಂದೇ ಪದ್ಧತಿ.

ದಿಕ್ಕುಗಳ ಹೆಸರನ್ನು ಮೊಟಕು ಮಾಡಿ ಕೂಗುತ್ತಿದ್ದ ನಾವಿಕರ ಬಾಯಲ್ಲಿ ‘ನಾರ್ತ್’ ಎಂಬುದು ‘ನಾರ್’ ಆಯಿತು. ಬಾಸ್ಟನ್ ಸುತ್ತಲಿನ ಈಶಾನ್ಯ ರಾಜ್ಯಗಳ ಸೀಮೆಯಾದ ನ್ಯೂ ಇಂಗ್ಲೆಂಡಿನ ಹಳಬರಲ್ಲಿ ಕೆಲವರು ಇದನ್ನೂ ಒಪ್ಪುವುದಿಲ್ಲ. ನಮ್ಮ ಕಡೆ ಬಿಡುತ್ತಿದ್ದದ್ದು ‘ರ’ಕಾರವನ್ನು, ‘ತ್’ ಅನ್ನಲ್ಲ ಎಂದು ವಾದಿಸುತ್ತಾರೆ. ಆ ಜಗಳ ಅವರಿಗಿರಲಿ.

ಗಾಳಿ ಈಶಾನ್ಯದಿಂದ ಬರುತ್ತಿರುವಾಗ ಬಿರುಗಾಳಿ ಈಶಾನ್ಯಕ್ಕೆ ಹೋಗುವುದು ಹೇಗೆ? ಇದನ್ನು ಮೊದಲು ಗಂಭೀರವಾಗಿ ಯೋಚಿಸಿದವರು ಬೆಂಜಮಿನ್ ಫ್ರಾಂಕ್ಲಿನ್. 1743ರ ಅಕ್ಟೋಬರ್ 21, ಅಂದಿನ ಹಳೆಯ ಪಂಚಾಂಗದ ಲೆಕ್ಕ. ಆ ರಾತ್ರಿ ಒಂಬತ್ತರ ಸುಮಾರಿಗೆ ಚಂದ್ರಗ್ರಹಣ. ಫಿಲಡೆಲ್ಫಿಯಾದಲ್ಲಿ ಅದನ್ನು ನೋಡಲು ಅವರು ಕಾದಿದ್ದರು. ಏಳರ ಹೊತ್ತಿಗೇ ಈಶಾನ್ಯದ ಬಿರುಗಾಳಿ ಎದ್ದು ಆಕಾಶ ಮುಚ್ಚಿಹೋಯಿತು. ಗಾಳಿ ಬರುತ್ತಿರುವುದು ಬಾಸ್ಟನ್ ಕಡೆಯಿಂದ, ಆದ್ದರಿಂದ ಅಲ್ಲಿ ಇನ್ನೂ ಮೊದಲೇ ಮೋಡ ಕವಿದಿರುತ್ತದೆ ಎಂಬುದು ಅವರ ಎಣಿಕೆ. ಆದರೆ ಬಾಸ್ಟನ್ನಿನಲ್ಲಿದ್ದ ಅಣ್ಣ ಬರೆದದ್ದೇ ಬೇರೆ: ಅಲ್ಲಿ ಗ್ರಹಣ ಚೆನ್ನಾಗಿ ಕಂಡಿತ್ತು, ಬಿರುಗಾಳಿ ಶುರುವಾದದ್ದು ಹನ್ನೊಂದರ ಹತ್ತಿರ. ಗಾಳಿ ಬೀಸುತ್ತಿದ್ದ ದಿಕ್ಕಿಗೆ ಎದುರಾಗಿ ಬಿರುಗಾಳಿ ಸುಮಾರು 430 ಕಿ.ಮೀ. ನಡೆದುಹೋಗಿತ್ತು!

ಕೆಲವು ವರ್ಷಗಳ ನಂತರ ಪತ್ರವೊಂದರಲ್ಲಿ ಫ್ರಾಂಕ್ಲಿನ್ ಇದಕ್ಕೆ ಒಲೆಯ ಹೋಲಿಕೆ ಕೊಟ್ಟರು. ಚಿಮಣಿಯಡಿ ಬೆಂಕಿ ಹೊತ್ತಿಸಿದರೆ ಮೊದಲು ಕದಲುವುದು ಬೆಂಕಿಯ ಪಕ್ಕದ ಗಾಳಿ, ಆಮೇಲೆ ಅದರ ಹಿಂದಿನದು, ಕಡೆಗೆ ಬಾಗಿಲ ಬಳಿಯದು. ಗಾಳಿ ಸಾಗುವುದು ಬಾಗಿಲಿನಿಂದ ಬೆಂಕಿಯ ಕಡೆಗೆ, ಆದರೆ ಅದರ ಚಲನೆ ಶುರುವಾಗುವುದು ಬೆಂಕಿಯಿಂದ ಬಾಗಿಲಿನ ಕಡೆಗೆ. ಬಿರುಗಾಳಿ ಒಂದು ಸುಳಿ ಎಂಬ ಚಿತ್ರ ಅವರ ಮುಂದಿರಲಿಲ್ಲ, ಹಾಗಾಗಿ ವಿವರಣೆ ಪೂರ್ತಿ ಸರಿಯಲ್ಲ. ಆದರೆ ಗಾಳಿಯ ದಿಕ್ಕು ಬೇರೆ, ಬಿರುಗಾಳಿಯ ದಾರಿ ಬೇರೆ ಎಂಬ ಮುಖ್ಯ ಮಾತು ಅವರಿಗೆ ಸಿಕ್ಕಿಬಿಟ್ಟಿತ್ತು. ಸುಮಾರು ಮುನ್ನೂರು ವರ್ಷ ಹಳೆಯ ಈ ತಿಳಿವಳಿಕೆ ಇಂದಿನ ವರದಿಗಳಲ್ಲಿ ಕಾಣದಿರುವುದು ಬೇಸರದ ಸಂಗತಿ.

ಈಗ ಗೊತ್ತಿರುವುದು ಇಷ್ಟು. ಜಾರ್ಜಿಯಾದಿಂದ ನ್ಯೂಜೆರ್ಸಿವರೆಗಿನ ಕರಾವಳಿಯ ಆಸುಪಾಸಿನಲ್ಲಿ ವಾಯುಭಾರ ಕುಸಿಯುತ್ತದೆ. ಒಂದು ಕಡೆ ಕೆನಡಾದಿಂದ ಇಳಿದುಬಂದ ಕೊರೆಯುವ ಗಾಳಿ, ಇನ್ನೊಂದು ಕಡೆ ಗಲ್ಫ್ ಸ್ಟ್ರೀಮ್ ಎಂಬ ಕಡಲ ಪ್ರವಾಹದ ಬೆಚ್ಚನೆಯ ನೀರು. ಇವೆರಡರ ಬಿಸುಪಿನ ವ್ಯತ್ಯಾಸವೇ ಅದಕ್ಕೆ ಬಲ. ಉತ್ತರಾರ್ಧಗೋಳದಲ್ಲಿ ಇಂಥ ಸುಳಿಯ ಸುತ್ತ ಗಾಳಿ ಅಪ್ರದಕ್ಷಿಣವಾಗಿ ತಿರುಗುತ್ತದೆ. ಗಾಳಿಗೆ ಬೆನ್ನು ಕೊಟ್ಟು ನಿಂತರೆ ಸುಳಿಯ ಕೇಂದ್ರ ನಿಮ್ಮ ಎಡಕ್ಕಿರುತ್ತದೆ. ಬಾಸ್ಟನ್ನಿನ ದಡದಲ್ಲಿ ಈಶಾನ್ಯದ ಗಾಳಿಗೆ ಬೆನ್ನು ಮಾಡಿ ನಿಂತು ನೋಡಿ. ಮುಖ ನೈಋತ್ಯಕ್ಕೆ, ಎಡಗೈ ಆಗ್ನೇಯಕ್ಕೆ. ಆಗ್ನೇಯದಲ್ಲಿರುವುದು ಕಡಲು. ಅಂದರೆ ಸುಳಿ ನೆಲಕ್ಕೆ ಹತ್ತದೆ ಸಮುದ್ರದ ಮೇಲಿದೆ, ತಣ್ಣಗಿನ ಗಾಳಿ ನೆಲದ ಮೇಲೆ ಉಳಿದಿದೆ, ಹಿಮಕ್ಕೆ ಅವಕಾಶವಿದೆ. ಅದೇ ಸುಳಿ ಒಳನಾಡಿನಲ್ಲಿ ಹಾದರೆ ದಡದ ಗಾಳಿ ಆಗ್ನೇಯದಿಂದ ತಿರುಗಿ ಬರುತ್ತದೆ, ಕಡಲ ಬಿಸುಪು ತರುತ್ತದೆ, ಬರೀ ಮಳೆ. ನಾರ್‌ಈಸ್ಟರ್ ಎಂಬ ಹೆಸರಿನಲ್ಲಿ ಸುಳಿ ಎಲ್ಲಿದೆ ಎಂಬ ಸುಳಿವೂ ಇದೆ. ಅದನ್ನು ‘ಈಶಾನ್ಯ ರಾಜ್ಯಗಳ ಹಿಮ’ ಎಂದರೆ ಆ ಸುಳಿವು ಅಳಿಸಿಹೋಗುತ್ತದೆ.

ಅಲ್ಲಿನ ಮುನ್ಸೂಚಕರು ‘ಬೆಂಚ್‌ಮಾರ್ಕ್’ ಎಂದು ಕರೆಯುವ ಒಂದು ಬಿಂದುವಿದೆ: 40 ಡಿಗ್ರಿ ಉತ್ತರ, 70 ಡಿಗ್ರಿ ಪಶ್ಚಿಮ, ಮ್ಯಾಸಚೂಸೆಟ್ಸ್ ಕರಾವಳಿಯಾಚೆಯ ನಾಂಟಕೆಟ್ ದ್ವೀಪದ ದಕ್ಷಿಣಕ್ಕೆ ಕಡಲಿನಲ್ಲಿ. ಸುಳಿ ಇದರ ಆಸುಪಾಸಿನಲ್ಲಿ ಹಾದರೆ ನಗರಗಳಿಗೆ ದಂಡಿಯಾಗಿ ಹಿಮ. ಪಶ್ಚಿಮಕ್ಕೆ ಸರಿದರೆ ಮಳೆ, ಪೂರ್ವಕ್ಕೆ ಸರಿದರೆ ಮೀನುಗಳಿಗಷ್ಟೇ ಹಿಮ.

ಹಿಮವೇ ಇಲ್ಲದೆ ಕುಖ್ಯಾತವಾದ ನಾರ್‌ಈಸ್ಟರ್‌ಗಳಿವೆ. 1962ರ ಮಾರ್ಚ್‌ನ ಆಶ್ ವೆಡ್ನೆಸ್‌ಡೇ ಬಿರುಗಾಳಿಯನ್ನೇ ನೋಡಿ. ಉತ್ತರದ ಅಧಿಕ ಒತ್ತಡ ದಾರಿಗೆ ಅಡ್ಡ ನಿಂತಿತ್ತು, ಸುಳಿ ಮುಂದೆ ಹೋಗಲಾರದೆ ಐದು ಉಬ್ಬರಗಳ ಕಾಲ ಕರಾವಳಿಯನ್ನು ಹಿಡಿದು ನಿಂತಿತು. ಅಮಾವಾಸ್ಯೆಯ ಉಬ್ಬರ ಬೇರೆ. ನ್ಯೂಜೆರ್ಸಿಯಿಂದ ಉತ್ತರ ಕೆರೊಲಿನಾವರೆಗೆ ದಡದ ಮನೆಗಳನ್ನು ಕೊಚ್ಚಿದ್ದು ಸಮುದ್ರ. ವರ್ಜೀನಿಯಾದ ಬೆಟ್ಟಗಳಲ್ಲಿ ಹಿಮ ಬಿತ್ತು ನಿಜ, ಆದರೆ ಆ ಬಿರುಗಾಳಿಯನ್ನು ಯಾರೂ ನೆನೆಯುವುದು ಅದಕ್ಕಾಗಿ ಅಲ್ಲ. 1978ರ ಫೆಬ್ರವರಿಯಲ್ಲಿ ಎರಡೂ ಒಟ್ಟಿಗೆ ಬಂದವು: ಬಾಸ್ಟನ್ನಿನಲ್ಲಿ 27.1 ಇಂಚು ಹಿಮ, 128ನೇ ಹೆದ್ದಾರಿಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ಕಾರು ಹೂತುಹೋದವು, ದಡದಲ್ಲಿ ಮತ್ತೆ ಅಮಾವಾಸ್ಯೆಯ ಉಬ್ಬರ. 1888ರ ಮಾರ್ಚ್‌ನದಂತೂ ನಾಲ್ಕು ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ನ್ಯೂಯಾರ್ಕಿನ ತಂತಿಗಳು ನೆಲದಡಿಗೆ ಹೋಗಲು ಅದೂ ಒಂದು ಕಾರಣ.

ಇಡೀ ಚಳಿಗಾಲವನ್ನು ಒಂದು ನಾರ್‌ಈಸ್ಟರ್ ಎಂಬಂತೆ ಬರೆಯುವುದು ಇನ್ನೊಂದು ದುರಭ್ಯಾಸ. ನಾರ್‌ಈಸ್ಟರ್ ಒಂದೆರಡು ದಿನದ ಮಾತು. ಚಳಿಗಾಲ ಅಂದರೆ ಅವು ಎಷ್ಟು ಬಂದವು, ಯಾವ ಅಕ್ಷಾಂಶದಲ್ಲಿ ತಿರುಗಿದವು ಎಂಬುದರ ಮೊತ್ತ. 1995–96ರಲ್ಲಿ ಕರಾವಳಿಯುದ್ದಕ್ಕೂ ಸುರಿಯಿತು: ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ನಲ್ಲಿ 75.6 ಇಂಚು, ಬಾಸ್ಟನ್ನಿನಲ್ಲಿ 107.6. 2009–10ರಲ್ಲಿ ಎಲ್ ನಿನೋ ಜೊತೆಗೆ ಗ್ರೀನ್‌ಲೆಂಡ್ ಕಡೆಯ ಅಧಿಕ ಒತ್ತಡ ಸೇರಿ ಬಿರುಗಾಳಿಗಳು ದಕ್ಷಿಣದಲ್ಲೇ ಉಳಿದವು, ಫಿಲಡೆಲ್ಫಿಯಾ 78.7 ಇಂಚಿನ ದಾಖಲೆ ಬರೆಯಿತು, ಬಾಸ್ಟನ್ನಿಗೆ ಸರಾಸರಿಯಷ್ಟೂ ಬೀಳಲಿಲ್ಲ. 2014–15ರಲ್ಲಿ ಬಾಸ್ಟನ್ ಸರದಿ. ಜನವರಿಯ ಕೊನೆಯಿಂದ ಒಂದರ ಹಿಂದೊಂದು ಬಂದು ಒಟ್ಟು 110.6 ಇಂಚು, ಒಂಬತ್ತು ಅಡಿಗೂ ಮಿಕ್ಕಿ. ಬೀದಿಗಳಿಂದ ತೆಗೆದು ಬಂದರಿನ ಬಳಿ ಗುಡ್ಡೆ ಹಾಕಿದ ಹಿಮ ಪೂರ್ತಿ ಕರಗಿದ್ದು ಜುಲೈ 14ಕ್ಕೆ. ಆದರೆ ಅದೇ ಜನವರಿ 26–27ರ ಬಿರುಗಾಳಿ ಬಾಸ್ಟನ್ನಿಗೆ 24.6 ಇಂಚು ಕೊಟ್ಟು, ದೊಡ್ಡ ಹಿಮಕ್ಕೆಂದು ಸಬ್‌ವೇ ಕೂಡ ನಿಲ್ಲಿಸಿ ಕೂತಿದ್ದ ನ್ಯೂಯಾರ್ಕಿಗೆ ಕೊಟ್ಟದ್ದು 9.8. ಸುಳಿ ಸ್ವಲ್ಪ ಪೂರ್ವಕ್ಕೆ ಸರಿದದ್ದಷ್ಟೇ ವ್ಯತ್ಯಾಸ.

ಜೊತೆಗೆ ಬೆರೆಸುವ ಉಳಿದ ಪದಗಳನ್ನು ಬೇಗ ಮುಗಿಸುತ್ತೇನೆ. ಬ್ಲಿಝರ್ಡ್ ಎನ್ನಲು ಗಂಟೆಗೆ 56 ಕಿ.ಮೀ. ಮೀರಿದ ಗಾಳಿ, 400 ಮೀಟರಿಗಿಂತ ಕಡಿಮೆ ಗೋಚರತೆ, ಇವೆರಡೂ ಮೂರು ಗಂಟೆ ಇರಬೇಕು; ಎಷ್ಟು ಇಂಚು ಹಿಮ ಎಂಬುದು ವ್ಯಾಖ್ಯೆಯಲ್ಲೇ ಇಲ್ಲ. ಬಾಂಬ್ ಸೈಕ್ಲೋನ್ ಎಂಬುದು ಒತ್ತಡ ಬೀಳುವ ವೇಗದ ಮಾತು, ದಿನಕ್ಕೆ ಸುಮಾರು 24 ಮಿಲಿಬಾರ್. ಕೆಲವು ನಾರ್‌ಈಸ್ಟರ್‌ಗಳು ಈ ಎರಡೂ ಆಗಬಹುದು, ಹೆಚ್ಚಿನವು ಆಗುವುದಿಲ್ಲ. ಪೋಲಾರ್ ವೋರ್ಟೆಕ್ಸ್ ಪ್ರತಿ ಚಳಿಗಾಲದಲ್ಲೂ ಧ್ರುವದ ಮೇಲೆ ಎತ್ತರದಲ್ಲಿ ಸುತ್ತುವ ಗಾಳಿ. ಅದು ಬಾಸ್ಟನ್ನಿಗೆ ‘ಅಪ್ಪಳಿಸುವುದಿಲ್ಲ’. ಬಫಲೋದ ಹೆಸರಾಂತ ಹಿಮ ಈರೀ ಸರೋವರದ ಮೇಲಿಂದ ಪಶ್ಚಿಮದ ಗಾಳಿ ಹೊತ್ತು ತರುವಂಥದ್ದು. ಪಶ್ಚಿಮದಿಂದ ಬರುವುದನ್ನು ನಾರ್‌ಈಸ್ಟರ್ ಎನ್ನುವುದು ಪದದ ಒಂದೊಂದು ಅಕ್ಷರಕ್ಕೂ ವಿರುದ್ಧ.

2023ರ ಮಾರ್ಚ್ ಮಧ್ಯದಲ್ಲಿ ಬಂದದ್ದು ಅಪ್ಪಟ ನಾರ್‌ಈಸ್ಟರ್. ಮ್ಯಾಸಚೂಸೆಟ್ಸ್, ವರ್ಮಾಂಟ್‌ಗಳ ಒಳನಾಡಿನ ಬೆಟ್ಟಗಳಲ್ಲಿ ಹಿಮ ಅಡಿಗಟ್ಟಲೆ ಬಿದ್ದು ಮರಗಳು ಮುರಿದವು. ನ್ಯೂಯಾರ್ಕಿನಲ್ಲಿ ಮುಖ್ಯವಾಗಿ ಮಳೆ. ಆ ಇಡೀ ಚಳಿಗಾಲದಲ್ಲಿ ಸೆಂಟ್ರಲ್ ಪಾರ್ಕ್‌ಗೆ ಬಿದ್ದ ಹಿಮ 2.3 ಇಂಚು, ಅಲ್ಲಿನ ದಾಖಲೆಯಲ್ಲೇ ಅತಿ ಕಡಿಮೆ.