ಓದುಗರ ಪ್ರಶ್ನೆ: ವೂ-ಟ್ಯಾಂಗ್ ಕ್ಲ್ಯಾನ್‌ದು ಮೊದಲ್ನೇದರ ಮುಂದಿನ ಆಲ್ಬಮ್ ಕೇಳುವಂಗ ಅದಾವೇನ್ರಿ?

ಪ್ರಶ್ನೆ: ಬೆಳಗಾವ್ಯಾಗ ಹಾಸ್ಟೆಲ್‌ನ್ಯಾಗ ಇದ್ದು ಓದಾಕತ್ತೇನ್ರಿ. ನಮ್ಮ ರೂಮಿನ್ಯಾಗ ಎರಡು ಪಾರ್ಟಿ ಆಗ್ಯಾವು. 1993ರ ಮೊದಲ್ನೇ ಆಲ್ಬಮ್ ಬಿಟ್ರ ನ್ಯೂಯಾರ್ಕಿನ ರ‍್ಯಾಪ್ ಗುಂಪು ವೂ-ಟ್ಯಾಂಗ್ ಕ್ಲ್ಯಾನ್‌ದು ಮುಂದಿಂದು ಏನೂ ಕೇಳೂದು ಬ್ಯಾಡ ಅಂತಾರ ಒಂದಿಷ್ಟು ಮಂದಿ. ನೀವು ನೆಟ್ಟಗ ಕೇಳೇ ಇಲ್ಲ ಅಂತಾರ ಉಳಿದವರು. ಯಾರದು ಖರೇ?

ಉತ್ತರ: ಮೊದಲು ನಮ್ಮ ತೀರ್ಪು ಹೇಳಿಬಿಡುತ್ತೇವೆ. 2000ದಲ್ಲಿ ಬಂದ ‘ದ ಡಬ್ಲ್ಯೂ’ ಇವತ್ತಿಗೂ ಗಟ್ಟಿ. 2001ರ ‘ಐರನ್ ಫ್ಲ್ಯಾಗ್’ ಅರ್ಧ ನಿಲ್ಲುತ್ತದೆ. 2007ರ ‘8 ಡಯಾಗ್ರಾಮ್ಸ್’ ತನಗೆ ಅಂಟಿದ ಕೆಟ್ಟ ಹೆಸರಿಗಿಂತ ಎಷ್ಟೋ ಒಳ್ಳೆಯದು. 2014ರ ‘ಎ ಬೆಟರ್ ಟುಮಾರೊ’ ನಿಲ್ಲುವುದಿಲ್ಲ. ಆದರೆ ಇಷ್ಟು ಅಂಕ ಕೊಟ್ಟರೆ ನಿಮ್ಮ ರೂಮಿನ ಜಗಳ ಮುಗಿಯುವುದಿಲ್ಲ. ಒಂದು ಪಾರ್ಟಿ ಬೀಟಿನ, ಅಂದರೆ ಮಾತಿನ ಹಿಂದಿನ ಸಂಗೀತದ ಸದ್ದನ್ನು ಅಳೆಯುತ್ತಿದೆ; ಇನ್ನೊಂದು ವರ್ಸ್‌ಗಳನ್ನು, ಅಂದರೆ ಒಬ್ಬೊಬ್ಬರು ಹೇಳುವ ಚರಣಗಳನ್ನು. ಸದ್ದು ಪೂರ್ತಿ ಬದಲಾಯಿತು. ಬರವಣಿಗೆಯ ಹರಿತ ಬಹಳ ವರ್ಷ ಉಳಿಯಿತು. ಎರಡನ್ನೂ ಬಿಡಿಸಿ ನೋಡಬೇಕು.

ಸದ್ದಿನಿಂದ ಶುರು ಮಾಡೋಣ, ತಕರಾರು ಹುಟ್ಟುವುದೇ ಅಲ್ಲಿ. 1993ರ ನವೆಂಬರ್‌ನಲ್ಲಿ ಬಂದ ‘ಎಂಟರ್ ದ ವೂ-ಟ್ಯಾಂಗ್ (36 ಚೇಂಬರ್ಸ್)’ ನ್ಯೂಯಾರ್ಕಿನ ಫೈರ್‌ಹೌಸ್ ಸ್ಟುಡಿಯೋದಲ್ಲಿ ಕಡಿಮೆ ದುಡ್ಡಿನಲ್ಲಿ ರೆಕಾರ್ಡ್ ಆದದ್ದು. ಬೀಟ್ ಕಟ್ಟಿದವರು ಗುಂಪಿನ ಯಜಮಾನ ರಿಝಾ. ಅವರು ಬಳಸಿದ್ದು ಇ-ಮು ಎಸ್‌ಪಿ-1200 ಮತ್ತು ಎನ್ಸಾನಿಕ್ ಕಂಪನಿಯ ಸ್ಯಾಂಪ್ಲರ್‌ಗಳು, ಅಂದರೆ ಹಳೆಯ ರೆಕಾರ್ಡಿನ ಧ್ವನಿ ತುಣುಕುಗಳನ್ನು ತುಂಬಿಕೊಂಡು ಬೇಕಾದಂತೆ ನುಡಿಸುವ ಯಂತ್ರಗಳು. ಎಸ್‌ಪಿ-1200ರಲ್ಲಿ ಎಲ್ಲ ಸೇರಿ ಸುಮಾರು 10 ಸೆಕೆಂಡ್ ಧ್ವನಿಗಷ್ಟೇ ಜಾಗ. ಒಂದೊಂದು ತುಣುಕಿಗೆ ಎರಡೂವರೆ ಸೆಕೆಂಡ್. ಸಿಡಿಯ ಗುಣಮಟ್ಟ 16 ಬಿಟ್, 44.1 ಕಿಲೋಹರ್ಟ್ಝ್ ಇದ್ದರೆ ಈ ಯಂತ್ರದ್ದು 12 ಬಿಟ್, 26 ಕಿಲೋಹರ್ಟ್ಝ್. ಜಾಗ ಉಳಿಸಲು ಆ ಕಾಲದ ಬೀಟ್‌ಗಾರರು ನಿಮಿಷಕ್ಕೆ 33 ಸುತ್ತಿನ ರೆಕಾರ್ಡನ್ನು 45ರಲ್ಲಿ ಓಡಿಸಿ ತುಂಬಿಕೊಂಡು, ಯಂತ್ರದೊಳಗೆ ಮತ್ತೆ ನಿಧಾನ ಮಾಡುತ್ತಿದ್ದರು. ಹೀಗೆ ಮಾಡಿದಾಗ ಧ್ವನಿ ಒರಟಾಗುತ್ತದೆ, ಮೇಲಿನ ಸ್ವರಗಳು ಸವೆಯುತ್ತವೆ, ಡ್ರಮ್ಮಿಗೆ ಮರಳು ಹತ್ತಿದಂತಾಗುತ್ತದೆ. ಮೊದಲ ಆಲ್ಬಮ್ ಪಾರ್ಟಿಯವರು ಪ್ರೀತಿಸುವುದು ಆ ಮರಳನ್ನೇ.

ಆ ಸದ್ದು ಮುಂದೆ ಏಕೆ ಉಳಿಯಲಿಲ್ಲ? ಯಂತ್ರಗಳು ಬದಲಾದವು ಎನ್ನುವುದು ಚಿಕ್ಕ ಕಾರಣ. ದೊಡ್ಡ ಕಾರಣ ದುಡ್ಡು ಮತ್ತು ಕಾನೂನು. 1991ರಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟು ಪರವಾನಗಿಯಿಲ್ಲದ ಸ್ಯಾಂಪಲ್ಲನ್ನು (ಬೇರೆಯವರ ರೆಕಾರ್ಡಿನಿಂದ ತೆಗೆದ ತುಣುಕನ್ನು) ಕಳ್ಳತನ ಎಂದಿತ್ತು. 2005ರಲ್ಲಿ ಇನ್ನೊಂದು ಮೇಲ್ಮನವಿ ಕೋರ್ಟು ರೆಕಾರ್ಡಿನ ಚಿಕ್ಕ ಚೂರಿಗೂ ಪರವಾನಗಿ ಬೇಕು ಎಂದಿತು. ಹೆಸರಿಲ್ಲದ ಹುಡುಗರ ಆಲ್ಬಮ್ಮಿಗೆ ಯಾರೂ ದೊಡ್ಡ ಬೆಲೆ ಕೇಳುವುದಿಲ್ಲ; ಲಕ್ಷಗಟ್ಟಲೆ ಮಾರುವ ಗುಂಪಿಗೆ ಕೇಳುತ್ತಾರೆ. ಹಾಗಾಗಿ ‘8 ಡಯಾಗ್ರಾಮ್ಸ್’ನಲ್ಲಿ ಬೀಟಲ್ಸ್ ಹಾಡೊಂದು ಬೇಕಾದಾಗ ಮೂಲ ರೆಕಾರ್ಡ್ ಮುಟ್ಟದೆ ಹೊಸದಾಗಿ ನುಡಿಸಿದರು. ಜಾನ್ ಫ್ರುಶಾಂಟೆ, ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್‌ರ ಮಗ ಧನಿ ಹ್ಯಾರಿಸನ್ ಅದಕ್ಕೆ ಗಿಟಾರ್ ಹಿಡಿದರು, ಎರಿಕಾ ಬಾಡು ಹಾಡಿದರು. ಕೈಯಿಂದ ನುಡಿಸಿದ್ದು ಉಸಿರಾಡುತ್ತದೆ, ಅಲ್ಲಾಡುತ್ತದೆ. ಎರಡು ಸೆಕೆಂಡಿನ ಚೂರನ್ನು ಸುತ್ತಿ ಸುತ್ತಿ ಹಾಕಿದಾಗ ಬರುವ ಉಸಿರು ಕಟ್ಟುವ ಬಿಗಿ ಅದರಲ್ಲಿ ಬರುವುದಿಲ್ಲ.

ಇನ್ನು ಯಜಮಾನಿಕೆಯ ವಿಷಯ. ಐದು ವರ್ಷ ತನ್ನ ಮಾತೇ ಕೊನೆಯ ಮಾತು ಎಂದು ರಿಝಾ ಶುರುವಿನಲ್ಲೇ ಎಲ್ಲರಿಂದ ಒಪ್ಪಿಗೆ ಪಡೆದಿದ್ದರು. ಗುಂಪಿನ ಒಪ್ಪಂದ ಲೌಡ್ ರೆಕಾರ್ಡ್ಸ್ ಜೊತೆ. ಆದರೆ ಸದಸ್ಯರು ಒಂಟಿಯಾಗಿ ಬೇಕಾದ ಕಂಪನಿಗೆ ಹೋಗಬಹುದು ಎಂಬ ಷರತ್ತು ಹಾಕಿಸಿಕೊಂಡಿದ್ದರು. ಅದರಿಂದ ಮೆಥಡ್ ಮ್ಯಾನ್ ಡೆಫ್ ಜ್ಯಾಮ್‌ಗೆ, ಓಲ್ ಡರ್ಟಿ ಬಾಸ್ಟರ್ಡ್ ಎಲೆಕ್ಟ್ರಾಗೆ, ಜಿಝಾ ಗೆಫೆನ್‌ಗೆ ಹೋದರು. ಗುಂಪನ್ನು ಬೆಳೆಸಿದ್ದು ಈ ಷರತ್ತು, ಆಮೇಲೆ ಚದುರಿಸಿದ್ದೂ ಇದೇ. ರಿಝಾ ಮನೆಯ ನೆಲಮಾಳಿಗೆಯ ಸ್ಟುಡಿಯೋಕ್ಕೆ ನೀರು ನುಗ್ಗಿ ನೂರಾರು ಬೀಟ್‌ಗಳು ಹಾಳಾದವು. ಅದರ ಪೆಟ್ಟು ಮುಖ್ಯವಾಗಿ ಇನ್‌ಸ್ಪೆಕ್ಟಾ ಡೆಕ್ ಅವರ ಒಂಟಿ ಆಲ್ಬಮ್ಮಿಗೆ ಬಿತ್ತು. 1997ರ ಜೂನ್‌ನಲ್ಲಿ ಬಂದ ‘ವೂ-ಟ್ಯಾಂಗ್ ಫಾರೆವರ್’ ಮೊದಲ ವಾರವೇ ಅಮೆರಿಕದಲ್ಲಿ 6 ಲಕ್ಷಕ್ಕೂ ಹೆಚ್ಚು ಮಾರಾಟವಾಗಿ ಮೊದಲ ಸ್ಥಾನಕ್ಕೇರಿತು. ಅಷ್ಟರಲ್ಲಿ ಆ ಐದು ವರ್ಷ ಮುಗಿದಿತ್ತು. ಅಲ್ಲಿಂದ ಮುಂದೆ ಒಂಬತ್ತು ಮಂದಿಯನ್ನು ಒಂದೇ ಕೋಣೆಗೆ ಕರೆತರುವುದೇ ಕೆಲಸವಾಯಿತು.

‘ದ ಡಬ್ಲ್ಯೂ’ ಗಟ್ಟಿ ಎನ್ನಲು ಕಾರಣವಿದೆ. ಅದು ಹಳೆಯ ಸದ್ದಿಗೆ ಹತ್ತಿರ, ಆದರೆ ಅದರ ನಕಲಲ್ಲ. ‘ಹಾಲೊ ಬೋನ್ಸ್’ನಲ್ಲಿ ಸಿಲ್ ಜಾನ್ಸನ್‌ರ ಹಳೆಯ ಸೋಲ್ (ಅಮೆರಿಕದ ಕಪ್ಪು ಜನರ ಗಾಯನ ಶೈಲಿ) ಹಾಡಿನ ಕೂಗನ್ನು ಹಾಗೇ ಬಿಟ್ಟು ಅದರ ಮೇಲೆ ವರ್ಸ್ ಕೂಡಿಸಿದ್ದಾರೆ. ‘ಐ ಕಾಂಟ್ ಗೋ ಟು ಸ್ಲೀಪ್’ನಲ್ಲಿ ಗುಂಪಿನ ಘೋಸ್ಟ್‌ಫೇಸ್ ಅಳುತ್ತ ಹೇಳುವಂತೆ ಹೇಳುತ್ತಾರೆ, ಸೋಲ್ ಗಾಯಕ ಐಸಾಕ್ ಹೇಯ್ಸ್ ಬಂದು ಸಮಾಧಾನ ಹೇಳುತ್ತಾರೆ. ಇಷ್ಟು ಬಿಚ್ಚು ಮನಸ್ಸಿನ ಹಾಡು ಮೊದಲ ಆಲ್ಬಮ್ಮಿನಲ್ಲೂ ಕಡಿಮೆ. ಓಲ್ ಡರ್ಟಿ ಬಾಸ್ಟರ್ಡ್ ಸಿಗುವುದು ಒಂದೇ ಹಾಡಿನಲ್ಲಿ. ಅವರಿಲ್ಲದ ಜಾಗ ಖಾಲಿ ಎಂದು ಕೇಳುವವರಿಗೆ ಗೊತ್ತಾಗುತ್ತದೆ, ಅದು ನಿಜವಾದ ಕೊರತೆ. ಮರುವರ್ಷದ ‘ಐರನ್ ಫ್ಲ್ಯಾಗ್’ನಲ್ಲಿ ಅವರು ಇಲ್ಲವೇ ಇಲ್ಲ. ‘ಉಝಿ (ಪಿಂಕಿ ರಿಂಗ್)’ ಕಹಳೆಗಳ ಜೋರಿನಲ್ಲಿ ಇವತ್ತಿಗೂ ಮೈ ಎಬ್ಬಿಸುತ್ತದೆ, ‘ರೂಲ್ಸ್’ ಕೂಡ. ಹೊರಗಿನ ನಿರ್ಮಾಪಕರಿಂದ ರೇಡಿಯೋಗೆಂದು ಮಾಡಿಸಿದ ಹಾಡುಗಳು ಸವೆದಿವೆ.

‘8 ಡಯಾಗ್ರಾಮ್ಸ್’ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. 2004ರ ನವೆಂಬರ್ 13ರಂದು ಓಲ್ ಡರ್ಟಿ ಬಾಸ್ಟರ್ಡ್ ತೀರಿಕೊಂಡ ಮೇಲೆ ಬಂದ ಮೊದಲ ಗುಂಪಿನ ಆಲ್ಬಮ್ ಇದು. ಬಿಡುಗಡೆಗೂ ಮುನ್ನವೇ ಗುಂಪಿನವರೇ ಆದ ರೇಕ್ವಾನ್ ಮತ್ತು ಘೋಸ್ಟ್‌ಫೇಸ್ ಇದರ ಗಿಟಾರ್‌ಮಯ ಸದ್ದನ್ನು ಬಹಿರಂಗವಾಗಿ ಟೀಕಿಸಿದರು. ಘೋಸ್ಟ್‌ಫೇಸ್ ಅವರ ಸ್ವಂತ ಆಲ್ಬಮ್ ಒಂದು ವಾರ ಮೊದಲೇ ಅಂಗಡಿಗೆ ಬಂತು. ಹಾಡಿದವರೇ ಬೇಡ ಎಂದದ್ದನ್ನು ಅಭಿಮಾನಿಗಳು ಏಕೆ ಕೇಳುತ್ತಾರೆ? ಕಿವಿಗೊಡುವ ಮೊದಲೇ ತೀರ್ಪು ಬಿದ್ದಿತ್ತು. ಈಗ ಆ ಗದ್ದಲ ಬಿಟ್ಟು ಕೇಳಿ. ನಿಧಾನ, ಕತ್ತಲು, ತಳದಲ್ಲಿ ಹರಿಯುವ ಬೇಸ್. ‘ಟೇಕ್ ಇಟ್ ಬ್ಯಾಕ್’ ಮತ್ತು ‘ರಷಿಂಗ್ ಎಲಿಫೆಂಟ್ಸ್’ನಲ್ಲಿ ಹಳೆಯ ಗುದ್ದು ಹಾಗೇ ಇದೆ. ಕೊನೆಯ ಭಾಗದ ‘ಲೈಫ್ ಚೇಂಜಸ್’ನಲ್ಲಿ ಗೆಳೆಯರು ಒಬ್ಬರಾದ ಮೇಲೊಬ್ಬರು ಸತ್ತ ಗೆಳೆಯನಿಗೆ ಮಾತು ಹೇಳುತ್ತಾರೆ. ಕೆಲವು ಹಾಡು ಎಳೆದಿವೆ, ಅದನ್ನು ಒಪ್ಪಲೇಬೇಕು. ಆದರೂ ಇದು ವಯಸ್ಸಾದ ಗುಂಪು ತನ್ನ ವಯಸ್ಸಿಗೆ ತಕ್ಕ ಸದ್ದು ಹುಡುಕಿದ ಆಲ್ಬಮ್.

‘ಎ ಬೆಟರ್ ಟುಮಾರೊ’ದಲ್ಲಿ ಆದದ್ದು ಬೇರೆ. ರೇಕ್ವಾನ್ ಜೊತೆ ವ್ಯವಹಾರದ ಜಗಳ ನಡೆದೇ ಇತ್ತು. ಮೆಂಫಿಸ್‌ನ ರಾಯಲ್ ಸ್ಟುಡಿಯೋದಂಥ ಕಡೆ ಹಿರಿಯ ವಾದ್ಯಗಾರರನ್ನು ಕೂರಿಸಿ ನುಡಿಸಿದರು. ಸಂಗೀತ ಶುಭ್ರವಾಗಿದೆ, ಆದರೆ ವರ್ಸ್‌ಗಳು ಒಂದಕ್ಕೊಂದು ತಾಗುವುದಿಲ್ಲ. ಬೇರೆ ಬೇರೆ ಕಡೆ ಹೇಳಿ ತಂದು ಅಂಟಿಸಿದ ಭಾವ. ಪಲ್ಲವಿಗಳು ಗುರುತಿರುವ ಹಳೆಯ ಸೋಲ್ ಹಾಡುಗಳ ಮೇಲೆಯೇ ಒರಗಿವೆ. 2017ರ ‘ದ ಸಾಗಾ ಕಂಟಿನ್ಯೂಸ್’ ಇದಕ್ಕಿಂತ ಬಿಗಿ, ಆದರೆ ಅದು ಗುಂಪಿನ ಡಿಜೆ ಮ್ಯಾಥಮ್ಯಾಟಿಕ್ಸ್ ಕಟ್ಟಿದ ಆಲ್ಬಮ್. ಸದಸ್ಯ ಯು-ಗಾಡ್ ಇಲ್ಲ, ಹೆಸರೂ ಬರೀ ‘ವೂ-ಟ್ಯಾಂಗ್’, ಕ್ಲ್ಯಾನ್ ಇಲ್ಲ. ಒಂದೇ ಪ್ರತಿ ಮಾಡಿ 2015ರಲ್ಲಿ 20 ಲಕ್ಷ ಡಾಲರಿಗೆ ಮಾರಿದ ‘ಒನ್ಸ್ ಅಪಾನ್ ಎ ಟೈಮ್ ಇನ್ ಶಾಲಿನ್’ ವಾದಕ್ಕೆ ತರಬೇಡಿ. ಪೂರ್ತಿ ಕೇಳಿದವರು ಬಹಳ ಕಡಿಮೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಬೆಳೆದವರಿಗೆ ಈ ಪ್ರಶ್ನೆ ಬಿಡಿಸಲು ಒಂದು ಅಳತೆಗೋಲು ಊರಲ್ಲೇ ಇದೆ: ಹರದೇಶಿ–ನಾಗೇಶಿ. ದಪ್ಪು, ತುಂತುಣಿ, ತಾಳ ಹಿಡಿದು ಎರಡು ಗೀಗೀ ಮೇಳಗಳು ರಾತ್ರಿಯಿಡೀ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಸವಾಲ್–ಜವಾಬ್ ನಡೆಸುವಾಗ, ಕುಂತ ಮಂದಿ ಹಾಡಿಕೆಯವರ ದನಿ ಹರೆಯದ್ದೇ ಎಂದು ನೋಡುವುದಿಲ್ಲ. ಕೇಳಿದ ಸವಾಲಿಗೆ ತಕ್ಕ ಜವಾಬು ಬಂತೇ, ಹಿಮ್ಮೇಳ ಸರಿಯಾದ ಹೊತ್ತಿಗೆ ಎತ್ತಿಕೊಂಡಿತೇ ಎಂದು ನೋಡುತ್ತಾರೆ. ವೂ-ಟ್ಯಾಂಗ್‌ನ ಬಲವೂ ಅದೇ. 1997ರ ‘ಟ್ರಯಂಫ್’ನಲ್ಲಿ ಪಲ್ಲವಿಯೇ ಇಲ್ಲ, ಇನ್‌ಸ್ಪೆಕ್ಟಾ ಡೆಕ್ ಹಾಕಿದ ಮೊದಲ ವರ್ಸ್ ಎಷ್ಟು ಎತ್ತರವೆಂದರೆ ಹಿಂದೆ ಬಂದವರೆಲ್ಲ ಅದಕ್ಕೆ ಜವಾಬು ಕೊಡಲೇಬೇಕಾಯಿತು. ಯಾವ ಆಲ್ಬಮ್ಮಿನಲ್ಲಿ ಈ ಜವಾಬು ಇದೆಯೋ ಅದು ನಿಂತಿದೆ. 2014ರಲ್ಲಿ ಇಲ್ಲ.

ರೂಮಿನಲ್ಲಿ ಪರೀಕ್ಷೆ ಮಾಡುವುದಾದರೆ ಹೀಗೆ ಮಾಡಿ. ಫೋನಿನ ಬೇಸ್ ಬೂಸ್ಟ್, ಈಕ್ವಲೈಝರ್ ಎರಡೂ ಬಂದ್. ಜಾತ್ರೆಯ ಡಿಜೆ ಬಾಕ್ಸಿನ ಜಾನಪದ ರಿಮಿಕ್ಸಿಗೆ ಪಳಗಿದ ಕಿವಿಗೆ 1993ರ ಆಲ್ಬಮ್ ಮೊದಲು ತೆಳ್ಳಗೆ ಕೇಳಿಸುತ್ತದೆ. ಬೂಸ್ಟ್ ಹಾಕಿದರೆ ದನಿ ಮುಚ್ಚಿಹೋಗುತ್ತದೆ. ಆ್ಯಪಿನ ಸೆಟ್ಟಿಂಗ್‌ನಲ್ಲಿ ಎಲ್ಲ ಹಾಡಿನ ವಾಲ್ಯೂಮ್ ಸಮ ಮಾಡುವ ಆಯ್ಕೆ ಆನ್ ಮಾಡಿ. 2000ದ ಆಸುಪಾಸಿನಿಂದ ಆಲ್ಬಮ್‌ಗಳನ್ನು ಹೆಚ್ಚು ಜೋರಾಗಿ ಮಾಸ್ಟರ್ ಮಾಡುವ (ಬಿಡುಗಡೆಗೆ ಮುನ್ನ ಅಂತಿಮ ರೂಪ ಕೊಡುವ) ರೂಢಿ ಬೆಳೆಯಿತು, ಮತ್ತು ಜೋರಾಗಿ ಕೇಳಿಸಿದ್ದು ಒಳ್ಳೆಯದು ಎಂದು ಕಿವಿ ಮೋಸ ಹೋಗುತ್ತದೆ. ಫೋನಿನ ಸ್ಪೀಕರ್ ಸಾಲದು, ‘8 ಡಯಾಗ್ರಾಮ್ಸ್’ನ ಬೇಸ್ ಅದರಲ್ಲಿ ಕಾಣೆಯಾಗುತ್ತದೆ, ಸಾಧಾರಣ ಇಯರ್‌ಫೋನ್ ಸಾಕು. ಆಮೇಲೆ ಈ ಆರು ಹಾಡು, ವರ್ಷದ ಕ್ರಮದಲ್ಲಿ: 1993ರ ‘ಡಾ ಮಿಸ್ಟರಿ ಆಫ್ ಚೆಸ್‌ಬಾಕ್ಸಿನ್’, 1997ರ ‘ಟ್ರಯಂಫ್’, 2000ದ ‘ಹಾಲೊ ಬೋನ್ಸ್’, 2007ರ ‘ಟೇಕ್ ಇಟ್ ಬ್ಯಾಕ್’, 2009ರ ‘ಹೌಸ್ ಆಫ್ ಫ್ಲೈಯಿಂಗ್ ಡ್ಯಾಗರ್ಸ್’, 2014ರ ‘ರಕಸ್ ಇನ್ ಬಿ ಮೈನರ್’. ಅರ್ಧ ಗಂಟೆಯ ಆಸುಪಾಸು. ಮೊದಲ ಸಲ ಡ್ರಮ್ ಮಾತ್ರ ಹಿಡಿಯಿರಿ, ಎರಡನೇ ಸಲ ಲಿರಿಕ್ಸ್ ಎದುರಿಗಿಟ್ಟುಕೊಂಡು ಕೇಳಿ. ಜಗಳ ಎರಡನೇ ಸಲದ ನಂತರವೇ ಆಗಲಿ.

ಲಿರಿಕ್ಸ್‌ನಲ್ಲಿ ಎಡವುವುದು ಸಹಜ. ಇವರು ‘ಶಾಲಿನ್’ ಎಂದರೆ ಚೀನಾ ಅಲ್ಲ, ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್. ಪರಸ್ಪರ ‘ಗಾಡ್’ ಎಂದು ಕರೆಯುವುದು, ಅಂಕಿಗಳಿಗೆ ಅರ್ಥ ಕೊಡುವುದು 1964ರಲ್ಲಿ ಹಾರ್ಲೆಮ್‌ನಲ್ಲಿ ಹುಟ್ಟಿದ ಫೈವ್ ಪರ್ಸೆಂಟ್ ಪಂಥದಿಂದ ಬಂದದ್ದು. ಇಂಗ್ಲಿಷ್ ಕಷ್ಟವಾದರೆ ಜಿಝಾ, ಡೆಕ್ ಇಬ್ಬರಿಂದ ಶುರು ಮಾಡಿ, ಉಚ್ಚಾರ ಸ್ಪಷ್ಟ. ಘೋಸ್ಟ್‌ಫೇಸ್ ಕೊನೆಗಿರಲಿ, ಅವರ ಸಾಲುಗಳು ಚಿತ್ರದಿಂದ ಚಿತ್ರಕ್ಕೆ ಹಾರುತ್ತವೆ, ಇಂಗ್ಲಿಷ್ ಮನೆಮಾತಾದವರೂ ಅಲ್ಲಿ ತಡವರಿಸುತ್ತಾರೆ.

ಆರರ ಪಟ್ಟಿಯಲ್ಲಿ 2009ರ ಹಾಡು ಗುಂಪಿನ ಆಲ್ಬಮ್ಮಿನದಲ್ಲ ಎಂದು ನಿಮ್ಮಲ್ಲಿ ಯಾರಾದರೂ ಹಿಡಿದಿರಬಹುದು. ಬೇಕೆಂದೇ ಇಟ್ಟಿದ್ದೇವೆ. ಅದು ರೇಕ್ವಾನ್‌ರ ‘ಓನ್ಲಿ ಬಿಲ್ಟ್ 4 ಕ್ಯೂಬನ್ ಲಿಂಕ್ಸ್’ ಎರಡನೇ ಭಾಗದ್ದು. ಬೀಟ್ ಜೆ ಡಿಲ್ಲಾ ಅವರದು, ಮೇಲೆ ಡೆಕ್, ಘೋಸ್ಟ್‌ಫೇಸ್, ಮೆಥಡ್ ಮ್ಯಾನ್ ಎಲ್ಲರೂ ಇದ್ದಾರೆ. 2006ರ ಘೋಸ್ಟ್‌ಫೇಸ್ ಆಲ್ಬಮ್ ‘ಫಿಶ್‌ಸ್ಕೇಲ್’ನಲ್ಲೂ ಎಂಎಫ್ ಡೂಮ್ ಬೀಟಿನ ಮೇಲೆ ಇಡೀ ಗುಂಪು ಸೇರುವ ಹಾಡೊಂದಿದೆ. ಮೊದಲ ಆಲ್ಬಮ್ ಪಾರ್ಟಿಯವರು ಹುಡುಕುವ ಬಿಗಿ ಈ ಎರಡರಲ್ಲಿ ಸಿಗುತ್ತದೆ, ಎರಡನೇ ಪಾರ್ಟಿಯವರು ಹೇಳುವ ಹರಿತವೂ ಸಿಗುತ್ತದೆ. ಮೊದಲು ಇವನ್ನು ಇಡಿಯಾಗಿ ಕೇಳಿ, ಆಮೇಲೆ ‘ದ ಡಬ್ಲ್ಯೂ’ಗೆ, ಅಲ್ಲಿಂದ ‘8 ಡಯಾಗ್ರಾಮ್ಸ್’ಗೆ ಹೋಗಿ. ‘ಫಾರೆವರ್’ ಎರಡು ಡಿಸ್ಕ್, ಹತ್ತಿರ ಹತ್ತಿರ ಎರಡು ಗಂಟೆ. ವಿಜಯಪುರದಿಂದ ಬಾಗಲಕೋಟೆಗೆ ಬಸ್ಸು ಹತ್ತಿದ ದಿನಕ್ಕೆ ಅದನ್ನು ಇಟ್ಟುಕೊಳ್ಳಿ.