ಗಾಳಿ ಜೋರಾದ್ರೆ ಗಾಳಿ ಹೋಗೋ ಕಡೆಗೇ ತಿರುಗಬೇಕು: ಒಬ್ಬರೇ ಕ್ಯಾಟಮರಾನ್ ಓಡಿಸ್ತಾ ಸ್ಪಿನಾಕರ್ ಕಲಿಯೋದು

ಆಮ್‌ಸ್ಟರ್‌ಡಾಮ್‌ನಿಂದ ಈಶಾನ್ಯಕ್ಕೆ ಮಾರ್ಕರ್‌ಮೇರ್ ಅಂತ ಒಂದು ಕೆರೆ ಇದೆ. ಕೆರೆ ಅಂದ್ರೆ ನಮ್ಮ ಮಂಡ್ಯ ಕಡೆ ಕೆರೆ ಥರ ಅಲ್ಲ, ಸುಮಾರು 700 ಚದರ ಕಿಲೋಮೀಟರ್, ಆಚೆ ದಡ ಕಾಣೋದೇ ಇಲ್ಲ. ಒಂದು ಕಾಲಕ್ಕೆ ಇದು ಸಮುದ್ರವೇ ಆಗಿತ್ತು, 1932ರಲ್ಲಿ ಡಚ್ಚರು ಅಡ್ಡಕ್ಕೆ ದೊಡ್ಡ ಕಟ್ಟೆ ಹಾಕಿ ಸಮುದ್ರನ ಹೊರಗಿಟ್ರು, 1970ರ ದಶಕದಲ್ಲಿ ಇನ್ನೊಂದು ಕಟ್ಟೆ ಹಾಕಿ ಒಳಗಿದ್ದ ನೀರನ್ನ ಎರಡು ಭಾಗ ಮಾಡಿದ್ರು. ಇಷ್ಟು ದೊಡ್ಡ ನೀರಿಗೆ ಆಳ ಎಷ್ಟು ಅಂತೀರಿ, ಹೆಚ್ಚಿನ ಕಡೆ ಬರೀ ಮೂರು ನಾಲ್ಕು ಮೀಟರ್. ಈ ಆಳದ ವಿಷಯ ನೆನಪಲ್ಲಿಟ್ಕೊಳ್ಳಿ, ಮುಂದೆ ಬೇಕಾಗತ್ತೆ.

ನಾನು ಓಡಿಸೋದು ಫಾರ್ಮುಲಾ 16 ಅನ್ನೋ ಕ್ಲಾಸಿನ ಕ್ಯಾಟಮರಾನ್. ಸಪೂರವಾದ ಎರಡು ದೋಣಿ ಪಕ್ಕಪಕ್ಕ, ನಡುವೆ ಬಿಗಿಯಾಗಿ ಎಳೆದು ಕಟ್ಟಿದ ಬಲೆಯಂಥ ಬಟ್ಟೆ, ಅದರ ಮೇಲೆ ನಾವು. ಐದು ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲ, ಎಂಟೂವರೆ ಮೀಟರ್ ಎತ್ತರದ ಕಂಬ, ಇಡೀ ದೋಣಿಯ ತೂಕ ನೂರು ಕಿಲೋ ಮೇಲೆ ಸ್ವಲ್ಪ. ಕ್ಯಾಟಮರಾನ್ ಅನ್ನೋ ಪದ ತಮಿಳಿನ ಕಟ್ಟುಮರದಿಂದ ಹೋಗಿದ್ದು, ನಮಗಂತೂ ಅರ್ಥ ಹೇಳೋದೇ ಬೇಡ, ಕಟ್ಟಿದ ಮರ. ಆದ್ರೆ ಎರಡು ಒಡಲಿನ ಈ ದೋಣಿಯ ಕಲ್ಪನೆ ಬಂದಿದ್ದು ಪೆಸಿಫಿಕ್ ದ್ವೀಪಗಳ ಜನರಿಂದ, ಕೋರಮಂಡಲ ತೀರದ ಕಟ್ಟುಮರ ಬೇರೆಯದೇ ವಸ್ತು, ಹೆಸರು ಮಾತ್ರ ಇದಕ್ಕೆ ಅಂಟ್ಕೊಂಡಿದೆ.

ಸ್ಪಿನಾಕರ್ ಅಂದ್ರೆ ದೋಣಿಯ ಮುಂದೆ ಬಲೂನಿನ ಹಾಗೆ ಉಬ್ಬಿ ನಿಲ್ಲತ್ತಲ್ಲ, ಬಣ್ಣದ ತೆಳು ನೈಲಾನ್ ಹಾಯಿ, ಅದು. ನನ್ನ ದೋಣೀಲಿ ಅದು 17.5 ಚದರ ಮೀಟರ್, ಹನ್ನೆರಡಡಿ ಹದಿನೈದಡಿ ರೂಮಿನ ನೆಲಕ್ಕೆ ಹಾಸಿದ್ರೂ ಸ್ವಲ್ಪ ಮಿಗತ್ತೆ. ಮುಖ್ಯ ಹಾಯಿಗಿಂತಲೂ ದೊಡ್ಡದು. ಗಾಳಿ ಹಿಂದಿನಿಂದ ಬರುವಾಗ ಮಾತ್ರ ಎತ್ತೋದು. ಇಬ್ಬರಿದ್ರೆ ಒಬ್ಬರು ಚುಕ್ಕಾಣಿ ಹಿಡೀತಾರೆ, ಇನ್ನೊಬ್ಬರು ಈ ಹಾಯಿಯ ಹಗ್ಗ ಹಿಡೀತಾರೆ, ಒಬ್ಬರೇ ಇದ್ರೆ ಎರಡೂ ನಮ್ಮದೇ. ಇದನ್ನ ಕಲಿಯೋಕೆ ನನಗೆ ಎರಡು ಬೇಸಿಗೆ ಬೇಕಾಯ್ತು, ಕಷ್ಟ ಆಗಿದ್ದು ಹಗ್ಗದ ಕೆಲಸ ಅಲ್ಲ, ಕೈಗೆ ಮೊದಲೇ ಕೂತಿದ್ದ ಒಂದು ಅಭ್ಯಾಸವನ್ನ ಉಲ್ಟಾ ಮಾಡ್ಕೊಳ್ಳೋದು.

ಯಾವ ಅಭ್ಯಾಸ ಅಂದ್ರೆ, ಸ್ಪಿನಾಕರ್ ಇಲ್ದೆ ಹೋಗುವಾಗ ದಿಢೀರ್ ಅಂತ ಜೋರು ಗಾಳಿ ಬಂದು ದೋಣಿ ಒಂದು ಕಡೆಗೆ ವಾಲಿದ್ರೆ ಏನ್ ಮಾಡ್ಬೇಕು ಅಂತ ಮೊದಲ ದಿನವೇ ಹೇಳಿಕೊಡ್ತಾರೆ: ಗಾಳಿ ಬರೋ ಕಡೆಗೆ ಮೂತಿ ತಿರುಗಿಸು, ಇಲ್ಲಾಂದ್ರೆ ಮುಖ್ಯ ಹಾಯಿಯ ಹಗ್ಗ ಸಡಿಲ ಬಿಡು. ಹಾಯಿ ಪಟಪಟ ಹೊಡ್ಕೊಂಡು ಬಲ ಕಳ್ಕೊಳ್ಳತ್ತೆ, ದೋಣಿ ನೆಟ್ಟಗಾಗತ್ತೆ. ಸ್ಪಿನಾಕರ್ ಮೇಲಿದ್ದಾಗ ಈ ಎರಡೂ ತಪ್ಪು. ಆಗ ಗಾಳಿ ಜೋರಾದ್ರೆ ಗಾಳಿ ಹೋಗ್ತಾ ಇರೋ ಕಡೆಗೇ ತಿರುಗಬೇಕು, ಮುಖ್ಯ ಹಾಯಿಯ ಹಗ್ಗ ಬಿಡಲೇಬಾರದು. ಬೆನ್ನಟ್ಟಿ ಬರ್ತಾ ಇರೋ ಗಾಳಿಯ ಮುಂದೆ ಇನ್ನೂ ನೇರವಾಗಿ ಓಡೋದು ಅಂದ್ರೆ ಮೈ ಒಪ್ಪಲ್ಲ. ಒಪ್ಪಿಸೋಕೆ ನನಗೆ ಲೆಕ್ಕ ಬೇಕಾಯ್ತು.

ಲೆಕ್ಕ ಹೀಗಿದೆ. ದೋಣಿ ಮೇಲೆ ಕೂತವರಿಗೆ ತಾಗೋ ಗಾಳಿ ನಿಜವಾಗಿ ಬೀಸ್ತಾ ಇರೋ ಗಾಳಿ ಅಲ್ಲ, ಅದೂ ಮತ್ತೆ ದೋಣಿಯ ಓಟದಿಂದ ಹುಟ್ಟೋ ಎದುರುಗಾಳಿಯೂ ಸೇರಿದ್ದು, ಗಾಳಿಯೇ ಇಲ್ಲದ ದಿನ ಸ್ಕೂಟರಲ್ಲಿ ಹೋದ್ರೂ ಮುಖಕ್ಕೆ ಗಾಳಿ ಹೊಡೆಯಲ್ವಾ ಹಾಗೆ. ಹಾಯಿಗೆ ಗೊತ್ತಿರೋದೂ ಈ ಸೇರಿದ ಗಾಳಿ ಮಾತ್ರ. 12 ನಾಟ್ ಗಾಳಿ ಬೀಸ್ತಾ ಇದೆ ಅನ್ಕೊಳ್ಳಿ, ಒಂದು ನಾಟ್ ಅಂದ್ರೆ ಗಂಟೆಗೆ 1.852 ಕಿಲೋಮೀಟರ್. ಗಾಳಿಯ ದಿಕ್ಕಲ್ಲೇ ನೇರ ಓಡಿದ್ರೆ ದೋಣಿ 8 ನಾಟ್ ಮುಟ್ಟೋ ಹೊತ್ತಿಗೆ ಹಾಯಿಗೆ ಉಳಿಯೋದು 4 ನಾಟ್ ಗಾಳಿ, ಅಂದ್ರೆ ಮೂರನೇ ಒಂದು ಭಾಗ. ಗಾಳಿಯ ಬಲ ವೇಗದ ವರ್ಗಕ್ಕೆ ತಕ್ಕಂತೆ ಇರೋದ್ರಿಂದ ಬಲ ಒಂಬತ್ತನೇ ಒಂದಕ್ಕೆ ಇಳಿದುಹೋಗತ್ತೆ. ಓಡಿದಷ್ಟೂ ಗಾಳಿ ಕಮ್ಮಿ. ಅದಕ್ಕೇ ಕ್ಯಾಟಮರಾನ್ ನೇರ ಹೋಗಲ್ಲ, ಗಾಳಿಯ ದಿಕ್ಕಿಂದ ಸುಮಾರು 40 ಡಿಗ್ರಿ ಓರೆಯಾಗಿ ಹೋಗತ್ತೆ. ಹಾಗೆ ಹೋದಾಗ 14 ನಾಟ್ ವೇಗ ಬಂತು ಅಂದ್ರೆ ಹಾಯಿಗೆ ತಾಗೋದು 9 ನಾಟ್ ಗಾಳಿ, ಅದೂ ಹಿಂದಿನಿಂದ ಅಲ್ಲ, ಮೂತಿಯಿಂದ ಬರೀ 58 ಡಿಗ್ರಿ ಪಕ್ಕದಿಂದ! ಹಿಂದಿನಿಂದ ಬೀಸ್ತಿರೋ ಗಾಳಿ ಮುಂದಿನಿಂದ ಬಂದ ಹಾಗೆ ತಾಗತ್ತೆ. ದಾರಿ ಶೇಕಡಾ 30ರಷ್ಟು ಉದ್ದ ಆಗತ್ತೆ ನಿಜ, ಆದ್ರೆ ಗಾಳಿಯ ದಿಕ್ಕಲ್ಲಿ ಲೆಕ್ಕ ಹಾಕಿದ್ರೂ ದೋಣಿ 10.7 ನಾಟ್ ವೇಗದಲ್ಲಿ ಮುಂದೆ ಹೋಗ್ತಾ ಇರತ್ತೆ. ದೋಣಿ ತನಗೆ ಬೇಕಾದ ಗಾಳಿಯನ್ನ ತಾನೇ ಹುಟ್ಟಿಸ್ಕೊಳ್ತಾ ಇದೆ, ನನಗೆ ಈ ಆಟದಲ್ಲಿ ಎಲ್ಲಕ್ಕಿಂತ ಇಷ್ಟವಾದ ವಿಷಯ ಇದೇ.

ಈಗ 12 ನಾಟ್ ಗಾಳಿ ಒಂದೇ ಸಲ 18 ಆಯ್ತು. ದೋಣಿಯ ವೇಗ ಇನ್ನೂ ಬದಲಾಗಿಲ್ಲ, ಆ ಕ್ಷಣದ ಮಾತು ಇದು. ಏನೂ ಮಾಡದೆ ಅದೇ ದಿಕ್ಕಲ್ಲಿ ಹೋದ್ರೆ ಹಾಯಿ ಮೇಲಿನ ಗಾಳಿಯ ಒತ್ತಡ ಮೊದಲಿನ 1.6 ಪಟ್ಟು. ಹಳೇ ಅಭ್ಯಾಸದಂತೆ ಗಾಳಿ ಬರೋ ಕಡೆಗೆ 20 ಡಿಗ್ರಿ ತಿರುಗಿದ್ರೆ 3.2 ಪಟ್ಟು, ಒಂದು ಒಡಲು ಆಕಾಶಕ್ಕೆ ಏಳತ್ತೆ, ನಾವು ನೀರಿಗೆ. ಗಾಳಿ ಹೋಗೋ ಕಡೆಗೆ ಬರೀ 15 ಡಿಗ್ರಿ ತಿರುಗಿದ್ರೆ ಮೊದಲಿನ ಮುಕ್ಕಾಲು ಪಾಲು. ಗಾಳಿ ಒಂದೂವರೆ ಪಟ್ಟು ಜೋರಾಗಿದೆ, ಹಾಯಿ ಮೇಲಿನ ಭಾರ ಮಾತ್ರ ಮೊದಲಿಗಿಂತ ಕಮ್ಮಿ. ಈ ಮೂರು ಸಂಖ್ಯೆಯನ್ನ ಒಂದು ಚಳಿಗಾಲದ ಸಂಜೆ ಕೂತು ಹಾಳೆ ಮೇಲೆ ಬಾಣ ಬಿಡಿಸ್ಕೊಂಡು ನಾನೇ ಲೆಕ್ಕ ಹಾಕ್ದೆ, ಅದಾದ್ಮೇಲೇ ಕೈ ಹೇಳಿದ ಮಾತು ಕೇಳೋಕೆ ಶುರು ಮಾಡಿದ್ದು.

ಮುಖ್ಯ ಹಾಯಿಯ ಹಗ್ಗ ಯಾಕೆ ಬಿಡಬಾರದು ಅಂದ್ರೆ ಈ ದೋಣಿಯ ಕಂಬಕ್ಕೆ ಹಿಂದಿನಿಂದ ಎಳೆದು ಹಿಡಿಯೋ ತಂತಿ ಇಲ್ಲ. ಎರಡು ಪಕ್ಕಕ್ಕೆ ಒಂದೊಂದು, ಮುಂದಕ್ಕೆ ಒಂದು, ಅಷ್ಟೇ. ಸ್ಪಿನಾಕರ್ ಕಂಬದ ತುದಿ ಹತ್ರದಿಂದ ಮುಂದಕ್ಕೆ ಜಗ್ಗುವಾಗ ಅದನ್ನ ಹಿಂದಕ್ಕೆ ತಡೆದು ಹಿಡಿಯೋದು ಬಿಗಿಯಾಗಿ ಎಳೆದ ಮುಖ್ಯ ಹಾಯಿಯ ಹಿಂದಿನ ಅಂಚು. ಹೆದರಿ ಆ ಹಗ್ಗ ಬಿಟ್ರೆ ಕಂಬ ಮುಂದಕ್ಕೆ ಬಾಗತ್ತೆ, ಮುರಿಯಲೂಬಹುದು. ಸಡಿಲ ಬಿಡೋದಿದ್ರೆ ಸ್ಪಿನಾಕರ್ ಹಗ್ಗವನ್ನೇ ಬಿಡಬೇಕು.

ಆ ಹಗ್ಗ ಹಿಡಿಯೋದು ನನಗೆ ಬೇಗ ಒಗ್ಗಿತು, ಕಾರಣ ಗಾಳಿಪಟ. ನಮ್ಮ ಕಡೆ ಆಷಾಢದ ಗಾಳಿಗೆ ಪಟ ಹಾರಿಸಿದವರಿಗೆ ಸೂತ್ರ ಕಟ್ಟೋದು ಅಂದ್ರೆ ಏನು ಅಂತ ಗೊತ್ತು, ಕಾಲಿಂಚು ಆಚೀಚೆ ಆದ್ರೆ ಪಟ ಒಂದೋ ಏಳೋದೇ ಇಲ್ಲ ಇಲ್ಲ ಗಿರಕಿ ಹೊಡೆಯತ್ತೆ, ಗಾಳಿಗೆ ಪಟ ಒಡ್ಡೋ ಕೋನ ಸರಿ ಇರಬೇಕು. ಸ್ಪಿನಾಕರ್‌ಗೂ ಅದೇ, ಆದ್ರೆ ಕೋನ ಕ್ಷಣಕ್ಷಣಕ್ಕೂ ಬದಲಾಗ್ತಾ ಇರೋದ್ರಿಂದ ಸೂತ್ರ ನಮ್ಮ ಕೈಯಲ್ಲೇ ಇದೆ. ಹಗ್ಗವನ್ನ ನಿಧಾನವಾಗಿ ಬಿಡ್ತಾ ಹೋಗಿ, ಹಾಯಿಯ ಮುಂದಿನ ಅಂಚು ಒಳಗಡೆಗೆ ಮಡಚೋಕೆ ಶುರು ಮಾಡತ್ತೆ, ಆಗ ಒಂದು ಗೇಣು ಎಳೀರಿ, ಮತ್ತೆ ಬಿಡಿ. ಆ ಅಂಚು ಮಡಚಲೋ ಬೇಡವೋ ಅಂತ ನಡುಗ್ತಾ ಇರೋ ಜಾಗದಲ್ಲಿ ಗಾಳಿ ಹಾಯಿಯ ಎರಡೂ ಮುಖಕ್ಕೆ ಅಂಟ್ಕೊಂಡು ಸರಾಗವಾಗಿ ಹರಿಯತ್ತೆ. ಭಯಕ್ಕೆ ಜಾಸ್ತಿ ಎಳೆದು ಕೂತ್ರೆ ಹಾಯಿ ನೋಡೋಕೆ ತುಂಬಿ ನಿಂತ ಹಾಗೇ ಕಾಣತ್ತೆ, ಆದ್ರೆ ಹಿಂಭಾಗದ ಹರಿವು ಕಿತ್ತುಹೋಗಿ ಬರೀ ಪಕ್ಕಕ್ಕೆ ನೂಕತ್ತೆ, ವೇಗ ಇಲ್ಲ, ವಾಲಾಟ ಜಾಸ್ತಿ.

ಅಷ್ಟು ದೊಡ್ಡ ಹಾಯಿಯನ್ನ ಒಂದು ಕೈಯಲ್ಲಿ ಹಿಡಿಯೋದು ಹೇಗೆ ಅಂದ್ರೆ, ಊರಲ್ಲಿ ಮಿಡುಕೋ ಹೋರಿ ಹಗ್ಗವನ್ನ ಗೂಟಕ್ಕೆ ಎರಡು ಸುತ್ತು ಹಾಕಿ ತುದಿ ಹಿಡ್ಕೊಂಡು ನಿಂತಿರ್ತಾರಲ್ಲ, ಆ ಲೆಕ್ಕವೇ. ಸುತ್ತು ಜಾಸ್ತಿ ಆದಂಗೆ ಘರ್ಷಣೆಯ ಸಹಾಯ ಕೂಡ್ತಾ ಹೋಗಲ್ಲ, ಗುಣಿಸ್ತಾ ಹೋಗತ್ತೆ. ಘರ್ಷಣೆಯ ಗುಣಾಂಕ 0.3 ಅನ್ಕೊಂಡ್ರೆ ಅರ್ಧ ಸುತ್ತಿಗೆ ಎರಡೂವರೆ ಪಟ್ಟು, ಒಂದು ಸುತ್ತಿಗೆ ಆರೂವರೆ ಪಟ್ಟು, ಎರಡು ಸುತ್ತಿಗೆ 43 ಪಟ್ಟು ಭಾರ ತಡೀಬಹುದು. 18ನೇ ಶತಮಾನದಲ್ಲಿ ಗಣಿತಜ್ಞ ಆಯ್ಲರ್ ಇದಕ್ಕೆ ಸೂತ್ರ ಕಂಡುಹಿಡಿದ. ಸ್ಪಿನಾಕರ್ ಹಗ್ಗ ಹಾದುಹೋಗೋ ಗಾಲಿ ಎಳೆಯೋ ಕಡೆಗೆ ಮಾತ್ರ ತಿರುಗತ್ತೆ, ವಾಪಸ್ ತಿರುಗಲ್ಲ, ಹಾಗಾಗಿ ಎಳೆಯುವಾಗ ಹಗುರ, ಹಿಡಿಯುವಾಗ ಗೂಟ.

ಎತ್ತೋದು ಇಳಿಸೋದು ನಾನು ದಡದ ಮೇಲೇ ಕಲಿತೆ, ಗಾಳಿ ಇಲ್ಲದ ದಿನ ದೋಣಿಯನ್ನ ಗಾಡಿ ಮೇಲೇ ಇಟ್ಟು, ಕೊನೇಗೆ ಕಣ್ಣು ಮುಚ್ಚಿ. ಮುಂದೆ ಚಾಚಿರೋ ಕೋಲಿನ ಉದ್ದಕ್ಕೆ ಒಂದು ಚೀಲ ಇರತ್ತೆ, ಬಾಯಿಗೆ ಅಗಲವಾದ ಬಳೆ, ಹಾಯಿ ಅದರೊಳಗೆ ತುರುಕಿ ಕೂತಿರತ್ತೆ. ಒಂದೇ ಉದ್ದದ ಹಗ್ಗ, ಒಂದು ತುದಿ ಹಾಯಿಯ ತಲೆಗೆ, ಇನ್ನೊಂದು ತುದಿ ಅದರ ಹೊಟ್ಟೆಗೆ. ಈ ಕಡೆ ಎಳೆದ್ರೆ ಏರತ್ತೆ, ಆ ಕಡೆ ಎಳೆದ್ರೆ ಚೀಲಕ್ಕೆ ನುಂಗ್ಕೊಳ್ಳತ್ತೆ. ಎಳೆಯೋಕೆ ಎರಡು ಕೈಯೂ ಬೇಕು, ಹಾಗಾಗಿ ಚುಕ್ಕಾಣಿಯ ಕೋಲು ತೊಡೆ ಕೆಳಗೆ. ದೋಣಿಯನ್ನ ಮೊದಲು ಗಾಳಿ ಹೋಗೋ ದಿಕ್ಕಿಗೆ ಪೂರ್ತಿ ತಿರುಗಿಸ್ಕೋಬೇಕು, ಆಗ ತಾಗೋ ಗಾಳಿ ಕಮ್ಮಿ, ಮುಖ್ಯ ಹಾಯಿಯ ಮರೆಯೂ ಸಿಗತ್ತೆ. ಇಳಿಸುವಾಗಲೂ ಇದೇ. ಜೋರು ಗಾಳೀಲಿ ಎಲ್ಲಕ್ಕಿಂತ ಶಾಂತವಾದ ಜಾಗ ಅಂದ್ರೆ ಗಾಳಿಯ ಮುಂದೆ ನೇರ ಓಡೋ ದಾರಿಯೇ, ಅದು ಎಷ್ಟು ಸಲ ಹೇಳಿದ್ರೂ ಕಮ್ಮಿ.

ಇನ್ನು ಆ ಮೂರು ಮೀಟರ್ ಆಳದ ವಿಷಯ. ಆಳ ಕಮ್ಮಿ ಇರೋ ನೀರಲ್ಲಿ ಅಲೆಗಳು ಗಿಡ್ಡ, ಕಡಿದು, ಒಂದರ ಹಿಂದೊಂದು ಒತ್ತೊತ್ತಾಗಿ ಬರ್ತವೆ. ಸ್ಪಿನಾಕರ್ ಹಾಕಿದ ದೋಣಿ ಅಲೆಗಿಂತ ಜೋರಾಗಿ ಓಡಿ ಮುಂದಿನ ಅಲೆಯ ಬೆನ್ನಿಗೆ ಹೋಗಿ ಚುಚ್ಚತ್ತೆ, ಮೇಲೆ ಹಾಯಿ ಮುಂದಕ್ಕೆ ತಳ್ತಾ ಇರೋವಾಗ ಕೆಳಗೆ ಮೂತಿ ನಿಂತುಹೋದ್ರೆ ಇಡೀ ದೋಣಿ ಲಾಗ ಹಾಕತ್ತೆ. ಅದಕ್ಕೇ ಆದಷ್ಟೂ ಹಿಂದಕ್ಕೆ ಹೋಗಿ ಕೂರೋದು, ಮೂತಿ ಮುಳುಗ್ತಾ ಇದೆ ಅನ್ನಿಸಿದ ತಕ್ಷಣ ಸ್ಪಿನಾಕರ್ ಹಗ್ಗ ಒಂದು ಮಾರು ಬಿಡೋದು. ಮೊದಲ ಬೇಸಿಗೇಲಿ ಹೋರ್ನ್ ಊರಿನ ಮುಂದೆ ನಾನು ಹೀಗೇ ಮಗುಚಿದೆ. ಎಂಟೂವರೆ ಮೀಟರ್ ಕಂಬ ತಲೆಕೆಳಗಾಗಿ ತಳದ ಜೇಡಿಗೆ ಚುಚ್ಕೊಂಡು ನಿಂತ್ಬಿಡ್ತು. ನಾನು ಆತುರಕ್ಕೆ ಬಿದ್ದು ಹಾಯಿ ಒಳಗೆ ಹಾಕದೇನೇ ದೋಣಿ ಎತ್ತೋಕೆ ಹೋದೆ, 17.5 ಚದರ ಮೀಟರ್ ಬಟ್ಟೆ ತುಂಬ ನೀರು, ಅದು ಅಲುಗಾಡಲೇ ಇಲ್ಲ. ನೀರಲ್ಲೇ ಈಜ್ಕೊಂಡು ಹಗ್ಗ ಎಳೆದು ಹಾಯಿಯನ್ನ ಚೀಲಕ್ಕೆ ಸೇರಿಸಿದ ಮೇಲೇ ಕಂಬ ಜೇಡಿ ಬಿಟ್ಟು ಮೆಲ್ಲಗೆ ಮೇಲೆ ಬಂತು. ಇಲ್ಲಿ ಗಾಳಿಯೂ ತೂಕ ಜಾಸ್ತಿ, 10 ಡಿಗ್ರಿ ಚಳಿಯ ಗಾಳಿ 30 ಡಿಗ್ರಿಯ ಮಲ್ಪೆ ಗಾಳಿಗಿಂತ ಸುಮಾರು ಶೇಕಡಾ 7ರಷ್ಟು ಸಾಂದ್ರ, ಅದೇ ವೇಗಕ್ಕೆ ಅಷ್ಟೇ ಜಾಸ್ತಿ ಹೊಡೆತ.

ನನಗೆ ಇನ್ನೂ ಪೂರ್ತಿ ಬಾರದೇ ಇರೋದು ಜೈಬ್, ಅಂದ್ರೆ ಗಾಳಿಗೆ ಬೆನ್ನು ಕೊಟ್ಟೇ ದೋಣಿಯನ್ನ ಈ ಓರೆಯಿಂದ ಆ ಓರೆಗೆ ತಿರುಗಿಸೋದು. ಬಲೆಯ ಮೇಲೆ ಮಂಡಿಯೂರಿ ಈ ಬದಿಯಿಂದ ಆ ಬದಿಗೆ ಹೋಗ್ಬೇಕು, ಚುಕ್ಕಾಣಿಯ ಉದ್ದ ಕೋಲನ್ನ ಹಿಂದಿನಿಂದ ಸುತ್ತಿ ತರಬೇಕು, ಹಳೇ ಹಗ್ಗ ಬಿಟ್ಟು ಹೊಸದು ಹಿಡೀಬೇಕು, ಇಷ್ಟೆಲ್ಲಾ ಆಗೋವರೆಗೂ ದೋಣಿ ದೊಡ್ಡ ವೃತ್ತದಲ್ಲಿ ನಿಧಾನಕ್ಕೆ ತಿರುಗ್ತಾ ಇರಬೇಕು, ಅದಕ್ಕೆ ವೇಗ ಕಳ್ಕೋಬಾರದು, ಕಳ್ಕೊಂಡ್ರೆ ದೋಣಿ ಹುಟ್ಟಿಸಿದ್ದ ಎದುರುಗಾಳಿ ಹೋಗಿ ಹಿಂದಿನ ಗಾಳಿ ಪೂರ್ತಿ ಹಾಯಿಗೆ ಬಡಿಯತ್ತೆ. 10 ನಾಟ್ ತನಕ ಈಗ ಹತ್ತರಲ್ಲಿ ಎಂಟು ಸಲ ಸರಿ ಬರತ್ತೆ. ಈ ಶನಿವಾರ ನೈಋತ್ಯದಿಂದ 13 ನಾಟ್ ಅಂತ ಮುನ್ಸೂಚನೆ ಇದೆ, ಬೆಳಿಗ್ಗೆ ಏಳಕ್ಕೇ ದಡದಲ್ಲಿರ್ತೀನಿ.