ಸಲಹೆ ಕೊಡದ ಆಪ್ತಸಲಹೆಗಾರ

ಕೌನ್ಸೆಲರ್‌ಗೆ ಕನ್ನಡದಲ್ಲಿ ಆಪ್ತಸಲಹೆಗಾರ ಅನ್ನುತ್ತೇವೆ. ಈ ಪದದ ಮೊದಲರ್ಧ ಸರಿ, ಎರಡನೆಯರ್ಧ ದಾರಿ ತಪ್ಪಿಸುತ್ತದೆ. ಸಲಹೆ ಕೊಡುವವರಿಗೆ ಲೋಕದಲ್ಲಿ ಯಾವತ್ತೂ ಬರ ಬಂದಿಲ್ಲ. ನಿದ್ದೆ ಬರ್ತಿಲ್ಲ ಅಂದರೆ ಸಾಕು, ಎದುರಿಗೆ ಕೂತವರು ಹತ್ತು ಉಪಾಯ ಹೇಳುತ್ತಾರೆ. ಕೌನ್ಸೆಲರ್ ಹಾಗೆ ಮಾಡುವುದಿಲ್ಲ. ಮೊದಲ ಸೆಷನ್ ಮುಗಿಸಿ ಬಂದ ಎಷ್ಟೋ ಜನರ ದೂರು ಇದೇ: "ಬರೀ ಕೇಳಿಸ್ಕೊಂಡ್ರು, ಏನು ಮಾಡಬೇಕು ಅಂತ ಹೇಳಲೇ ಇಲ್ಲ."

ಹಾಗಾದರೆ ಅವರು ಕಲಿತಿರುವುದಾದರೂ ಏನು?

ಕೌನ್ಸೆಲರ್ ಒಬ್ಬರ ಪರಿಚಯ ಓದಿದರೆ ಸಾಮಾನ್ಯವಾಗಿ ಮೂರು ವಿಷಯ ಕಾಣುತ್ತವೆ. ಯಾವ ಡಿಗ್ರಿ, ಎಷ್ಟು ವರ್ಷದ ಅನುಭವ, ಯಾವ ಯಾವ ಥೆರಪಿ ಗೊತ್ತು. ಡಿಗ್ರಿಯ ಮಾತು ಬೇಗ ಮುಗಿಯುತ್ತದೆ. ಸೈಕಿಯಾಟ್ರಿಸ್ಟ್ ಅಂದರೆ ವೈದ್ಯಕೀಯ ಓದಿದವರು, ಔಷಧಿ ಬರೆಯಬಲ್ಲವರು. ಕೌನ್ಸೆಲರ್ ಹೆಚ್ಚಾಗಿ ಮನಃಶಾಸ್ತ್ರ ಅಥವಾ ಕೌನ್ಸೆಲಿಂಗ್‌ನಲ್ಲಿ ಸ್ನಾತಕೋತ್ತರ ಓದಿ, ಮಾತುಕತೆಯಿಂದಲೇ ಕೆಲಸ ಮಾಡುವವರು. ನಿಯಮಗಳು ದೇಶದಿಂದ ದೇಶಕ್ಕೆ ಬೇರೆ. ಆದರೆ ಒಳ್ಳೆಯ ತರಬೇತಿ ಎಲ್ಲೇ ಇರಲಿ, ಅದರಲ್ಲಿ ಸೂಪರ್‌ವಿಷನ್ ಅನ್ನುವ ಒಂದು ಭಾಗ ಇದ್ದೇ ಇರುತ್ತದೆ. ಹಲವು ಕಡೆ ಎದುರಿಗಿದ್ದವರ ಒಪ್ಪಿಗೆ ಪಡೆದು ಸೆಷನ್ ರೆಕಾರ್ಡ್ ಮಾಡುತ್ತಾರೆ. ಆಮೇಲೆ ಹಿರಿಯರೊಬ್ಬರ ಪಕ್ಕ ಕೂತು ಅದನ್ನೇ ಮತ್ತೆ ಕೇಳಬೇಕು. "ಇಲ್ಲಿ ನಿಲ್ಲಿಸು. ಅವರು ಅಳೋದಕ್ಕೆ ಶುರು ಮಾಡಿದಾಗ ನೀನು ಯಾಕೆ ಮಾತು ಬದಲಿಸಿದೆ?" ಇದು ಕಲಿಯುವವರಿಗೆ ಮುಜುಗರದ ಗಳಿಗೆ.

ಈ ಮುಜುಗರಕ್ಕೆ ಕಾರಣರಾದವರಲ್ಲಿ ಒಬ್ಬರು ಅಮೆರಿಕದ ಮನಃಶಾಸ್ತ್ರಜ್ಞ ಕಾರ್ಲ್ ರೋಜರ್ಸ್. ಆಗಿನ ರೆಕಾರ್ಡಿಂಗ್ ಡಿಸ್ಕ್‌ನ ಒಂದು ಬದಿಗೆ ಕೆಲವೇ ನಿಮಿಷದ ಮಾತು ಹಿಡಿಸುತ್ತಿತ್ತು. ಅಂಥ ಡಿಸ್ಕ್‌ಗಳ ಮೇಲೆ ಅವರು ಇಡೀ ಸೆಷನ್‌ಗಳನ್ನು ದಾಖಲಿಸಿದರು. ಹೆಸರು ಮರೆಸಿದ ಒಬ್ಬ ವ್ಯಕ್ತಿಯ ಎಂಟು ಸೆಷನ್‌ಗಳ ಮಾತನ್ನು 1942ರಲ್ಲಿ ಅಚ್ಚು ಹಾಕಿಸಿದರು. ಅದಕ್ಕೆ ಮುಂಚೆ ಬಾಗಿಲು ಮುಚ್ಚಿದ ಕೋಣೆಯೊಳಗೆ ಏನು ನಡೆಯಿತು ಅನ್ನುವುದಕ್ಕೆ ಹೆಚ್ಚಾಗಿ ಥೆರಪಿಸ್ಟ್‌ನ ನೆನಪೇ ಸಾಕ್ಷಿ. ನೆನಪು ತನ್ನ ಯಜಮಾನನಿಗೇ ನಿಷ್ಠೆ ತೋರಿಸುತ್ತದೆ ಅಲ್ವಾ? ರೆಕಾರ್ಡ್ ಬಂದ ಮೇಲೆ ಯಾರು ಎಷ್ಟು ಮಾತಾಡಿದರು, ಯಾರು ಯಾರ ಮಾತಿನ ಮಧ್ಯೆ ಬಾಯಿ ಹಾಕಿದರು ಅಂತ ಎಣಿಸಬಹುದಾಯಿತು.

1957ರಲ್ಲಿ ರೋಜರ್ಸ್ ಇನ್ನೂ ದೊಡ್ಡ ಮಾತು ಹೇಳಿದರು. ಥೆರಪಿಸ್ಟ್ ನಾಟಕ ಆಡಬಾರದು. ಎದುರಿಗಿದ್ದವರನ್ನು ಷರತ್ತಿಲ್ಲದೆ ಗೌರವಿಸಬೇಕು. ಅವರ ಒಳಗನ್ನು ಅವರ ಕಣ್ಣಿನಿಂದಲೇ ನೋಡಬೇಕು, ನೋಡಿದ್ದು ಅವರಿಗೆ ತಿಳಿಯಬೇಕು. ಇಷ್ಟಿದ್ದರೆ ಮನುಷ್ಯ ಬದಲಾಗುತ್ತಾನೆ ಅನ್ನುವುದು ಅವರ ವಾದ.

ಇದನ್ನು ಕೇಳಿ ಅನೇಕರು ಕೌನ್ಸೆಲಿಂಗ್ ಅಂದರೆ ಹೇಳಿದ್ದನ್ನೇ ತಿರುಗಿಸಿ ಹೇಳೋದು ಅಂದುಕೊಂಡರು. 1966ರಲ್ಲಿ ಜೋಸೆಫ್ ವೈಜೆನ್‌ಬಾಮ್ ಎಂಬ ಕಂಪ್ಯೂಟರ್ ವಿಜ್ಞಾನಿ ಎಲೈಜಾ ಎಂಬ ಪ್ರೋಗ್ರಾಂ ಪ್ರಕಟಿಸಿದರು. ಅದಕ್ಕೆ ಕೊಟ್ಟ ಪಾತ್ರ ರೋಜರ್ಸ್ ಶೈಲಿಯ ಥೆರಪಿಸ್ಟ್‌ನದು. ಬಂದ ವಾಕ್ಯವನ್ನೇ ಪ್ರಶ್ನೆ ಮಾಡಿ ವಾಪಸ್ ಕಳಿಸುತ್ತಿತ್ತು, ಅಷ್ಟೇ. ವೈಜೆನ್‌ಬಾಮ್ ಅವರ ಸೆಕ್ರೆಟರಿಗೆ ಅದು ಬರೀ ಪ್ರೋಗ್ರಾಂ ಅಂತ ಗೊತ್ತಿತ್ತು. ಆದರೂ ಒಂದೆರಡು ಮಾತಾದ ಮೇಲೆ ಆಕೆ ಇವರನ್ನು ಸ್ವಲ್ಪ ಹೊರಗೆ ಹೋಗಿ ಅಂದರಂತೆ. ಕೇಳಿಸಿಕೊಳ್ಳುವವರಿಗಾಗಿ ನಮ್ಮ ಹಸಿವು ಎಷ್ಟಿದೆ ನೋಡಿ.

ಎಲೈಜಾಗೆ ಕಾಣದ್ದು ಏನು? ಒಂದು ಸೆಷನ್ ಊಹಿಸಿಕೊಳ್ಳಿ. ಮಹಿಳೆಯೊಬ್ಬರು ಪ್ರಮೋಷನ್ ಸಿಕ್ಕಿದ ಸುದ್ದಿ ಹೇಳುತ್ತಿದ್ದಾರೆ. "ತುಂಬಾ ಖುಷಿ ಆಗಿದೆ" ಅನ್ನುತ್ತಾರೆ. ಬೆರಳು ಮಾತ್ರ ಬ್ಯಾಗಿನ ಜಿಪ್ಪನ್ನು ತೆಗೆಯುತ್ತದೆ, ಹಾಕುತ್ತದೆ, ಮತ್ತೆ ತೆಗೆಯುತ್ತದೆ. ಕೌನ್ಸೆಲರ್ ಅಭಿನಂದನೆ ಹೇಳಿ ಮುಂದಕ್ಕೆ ಹೋಗುವುದಿಲ್ಲ. "ಖುಷಿ ಅಂದ್ರಿ. ಅದರ ಜೊತೆ ಇನ್ನೇನೋ ಇದೆ ಅನ್ನಿಸ್ತು. ನನ್ನ ಊಹೆ ತಪ್ಪಿದ್ರೆ ಹೇಳಿ." ಆಮೇಲೆ ಸುಮ್ಮನಾಗುತ್ತಾರೆ. ಐದು ಸೆಕೆಂಡ್. ಹತ್ತು. ಇಪ್ಪತ್ತು ಸೆಕೆಂಡಿನ ಮೌನ ಎಷ್ಟು ಉದ್ದ ಅಂತ ತಿಳಿಯಬೇಕಾದರೆ ಗಡಿಯಾರ ಇಟ್ಟುಕೊಂಡು ಒಬ್ಬರ ಎದುರು ಕೂತು ನೋಡಿ. ಜಿಪ್ಪು ನಿಲ್ಲುತ್ತದೆ. "ಅಪ್ಪನಿಗೆ ಹೇಳೋಕಾಗ್ಲಿಲ್ಲ."

ಹಾಗಂತ ಕೌನ್ಸೆಲರ್ ಬರೀ ಕೇಳುತ್ತಲೇ ಕೂರುವವರಲ್ಲ. ಇದ್ದಕ್ಕಿದ್ದಂತೆ ಎದೆ ಹೊಡೆದುಕೊಂಡು "ನಾನು ಸತ್ತೇ ಹೋಗ್ತೀನಿ" ಅನ್ನಿಸುವ ಪ್ಯಾನಿಕ್ ಅಟ್ಯಾಕ್ ತೆಗೆದುಕೊಳ್ಳಿ. ಬ್ರಿಟನ್ನಿನ ಮನಃಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ಇದರ ಒಳಸುಳಿಯನ್ನು ವಿವರಿಸಿದರು. ಎದೆಬಡಿತ ಸ್ವಲ್ಪ ಏರುತ್ತದೆ. ಮನಸ್ಸು ಅದನ್ನು ಹಾರ್ಟ್ ಅಟ್ಯಾಕ್ ಅಂತ ಓದುತ್ತದೆ. ಆ ಭಯಕ್ಕೆ ಬಡಿತ ಇನ್ನೂ ಏರುತ್ತದೆ, ಓದಿದ್ದು ನಿಜ ಅನ್ನಿಸುತ್ತದೆ. ಇಲ್ಲಿ "ಹೆದರಬೇಡಿ" ಅನ್ನುವುದರಿಂದ ಏನೂ ಆಗದು. ಹೃದಯ ಸರಿಯಾಗಿದೆ ಅಂತ ಡಾಕ್ಟರ್ ಖಚಿತಪಡಿಸಿದ ಮೇಲೆ ಸಿಬಿಟಿ (ಯೋಚನೆ, ನಡವಳಿಕೆಗಳನ್ನು ಬದಲಿಸುವ ಥೆರಪಿ) ಕಲಿತ ಥೆರಪಿಸ್ಟ್ ಕೋಣೆಯಲ್ಲೇ ಒಂದು ನಿಮಿಷ ನಿಂತಲ್ಲೇ ಓಡಿಸುತ್ತಾರೆ. ಜೊತೆಗೆ ತಾವೂ ಓಡುತ್ತಾರೆ. ಇಬ್ಬರ ಎದೆಯೂ ಢವಢವ. "ಈಗ ಏನಾಗುತ್ತೆ ಅಂತ ಅಂದ್ಕೊಂಡಿದ್ರಿ? ಏನಾಯ್ತು?" ವಾದಕ್ಕೆ ಬಗ್ಗದ ಭಯ ಇಂಥ ಪ್ರಯೋಗಕ್ಕೆ ಬಗ್ಗುವುದುಂಟು.

ಪರಿಚಯದಲ್ಲಿ ಪಟ್ಟಿ ಮಾಡಿರುವ ಥೆರಪಿಗಳಲ್ಲಿ ಯಾವುದು ಒಳ್ಳೆಯದು ಅನ್ನುವ ಜಗಳ ಹಳೆಯದು. ಬೇರೆ ಬೇರೆ ಪದ್ಧತಿಗಳು ಗೆಲ್ಲುವುದು ಅವುಗಳಲ್ಲಿ ಇರುವ ಸಮಾನ ಅಂಶಗಳಿಂದ ಇರಬಹುದು ಅಂತ ಮನಃಶಾಸ್ತ್ರಜ್ಞ ಸಾಲ್ ರೋಸೆನ್‌ಜ್ವೈಗ್ 1936ರಲ್ಲೇ ಬರೆದಿದ್ದರು. 1979ರಲ್ಲಿ ಇನ್ನೊಬ್ಬ ಮನಃಶಾಸ್ತ್ರಜ್ಞ ಎಡ್ವರ್ಡ್ ಬೋರ್ಡಿನ್ ಆ ಸಮಾನ ಅಂಶಕ್ಕೆ ಒಂದು ಆಕಾರ ಕೊಟ್ಟರು: ಎಲ್ಲಿಗೆ ಹೋಗಬೇಕು ಅನ್ನುವುದರಲ್ಲಿ ಇಬ್ಬರಿಗೂ ಒಪ್ಪಿಗೆ, ಹೇಗೆ ಹೋಗಬೇಕು ಅನ್ನುವುದರಲ್ಲೂ ಒಪ್ಪಿಗೆ, ನಡುವೆ ನಂಬಿಕೆ. 2018ರಲ್ಲಿ 295 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಈ ಹೊಂದಾಣಿಕೆಗೂ ಫಲಿತಾಂಶಕ್ಕೂ ಸುಮಾರು 0.28ರಷ್ಟು ನಂಟು ಕಂಡಿತು (0 ಅಂದರೆ ನಂಟೇ ಇಲ್ಲ, 1 ಅಂದರೆ ಪೂರ್ತಿ ನಂಟು). ಅಂದರೆ ಫಲಿತಾಂಶದ ಏರುಪೇರಿನಲ್ಲಿ ಸುಮಾರು ಶೇ 8ರಷ್ಟು ಈ ಹೊಂದಾಣಿಕೆಯ ಜೊತೆ ತಳುಕು ಹಾಕಿಕೊಂಡಿದೆ. ಕಡಿಮೆ ಅನ್ನಿಸಬಹುದು, ಆದರೆ ಮನಸ್ಸಿನ ವಿಷಯದಲ್ಲಿ ಒಂದೇ ಅಂಶಕ್ಕೆ ಇಷ್ಟು ತೂಕ ಸಿಗುವುದು ಅಪರೂಪ. "ಯಾವ ಥೆರಪಿ ಆದ್ರೂ ಒಂದೇ" ಅನ್ನುವವರ ಮಾತನ್ನು ಮಾತ್ರ ನಾನು ಪೂರ್ತಿ ಒಪ್ಪಲಾರೆ. ಗೀಳು ರೋಗ ಇರುವವರಿಗೆ ಭಯಪಡುವ ವಸ್ತುವನ್ನು ಹಂತಹಂತವಾಗಿ ಎದುರಿಸುವ ಅಭ್ಯಾಸ ಬೇಕು. ಬರೀ ಆತ್ಮೀಯತೆ ಸಾಲದು.

ಉಳಿದದ್ದು ಅನುಭವ. ಇಪ್ಪತ್ತು ವರ್ಷ ಅಂತ ಓದಿದರೆ ಧೈರ್ಯ ಬರುತ್ತದೆ, ಸಹಜ. 2016ರಲ್ಲಿ 170 ಥೆರಪಿಸ್ಟ್‌ಗಳ ಬಳಿ ಬಂದ 6,500ಕ್ಕೂ ಹೆಚ್ಚು ಜನರ ದಾಖಲೆ ಪರಿಶೀಲಿಸಿದ ಅಧ್ಯಯನವೊಂದು ಆ ಧೈರ್ಯಕ್ಕೆ ಸ್ವಲ್ಪ ನೀರೆರಚಿತು. ವರ್ಷ ಕಳೆದಂತೆ ಥೆರಪಿಸ್ಟ್‌ಗಳ ಫಲಿತಾಂಶ ಸರಾಸರಿಯಲ್ಲಿ ಸುಧಾರಿಸಿರಲಿಲ್ಲ. ಕೂದಲೆಳೆಯಷ್ಟು ಇಳಿದೇ ಇತ್ತು. ಕೆಲವರು ಸುಧಾರಿಸಿದ್ದರು ನಿಜ, ಮಧ್ಯದಲ್ಲೇ ಬಿಟ್ಟುಹೋಗುವವರೂ ಕಡಿಮೆಯಾಗಿದ್ದರು.

ಯಾಕೆ ಹೀಗೆ? ಗುರಿ ತಪ್ಪಿದ ಬಾಣ ಎಲ್ಲಿ ಬಿತ್ತು ಅಂತ ಬಿಲ್ಲುಗಾರನಿಗೆ ಕಾಣುತ್ತದೆ. ಥೆರಪಿಸ್ಟ್‌ಗೆ ಕಾಣುವುದಿಲ್ಲ. ಬೇಸರಗೊಂಡವರು ಜಗಳ ಆಡುವುದಿಲ್ಲ, ನಗುತ್ತಲೇ ಹೋಗುತ್ತಾರೆ, ಮುಂದಿನ ವಾರ ಬರುವುದಿಲ್ಲ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 40 ಥೆರಪಿಸ್ಟ್‌ಗಳಿಗೆ ತಮ್ಮ ಬಳಿ ಬರುವ ಒಟ್ಟು 550 ಜನರಲ್ಲಿ ಯಾರ ಸ್ಥಿತಿ ಕೆಡಬಹುದು ಅಂತ ಊಹಿಸಲು ಕೇಳಿದ್ದರು. ಅವರು ಮೂವರನ್ನು ತೋರಿಸಿದರು. ನಿಜಕ್ಕೂ ಕೆಟ್ಟದ್ದು 40 ಜನರದು. ಆ 40ರಲ್ಲಿ ಇವರು ಗುರುತಿಸಿದ್ದು ಒಬ್ಬರನ್ನು ಮಾತ್ರ.

ಹಾಗಾಗಿ ಈಗ ಅನೇಕ ಕೌನ್ಸೆಲರ್‌ಗಳು ಪ್ರತಿ ಸೆಷನ್‌ನಲ್ಲೂ ಒಂದು ಪುಟ್ಟ ಪ್ರಶ್ನಾವಳಿ ಕೊಡುತ್ತಾರೆ. ನೋಡಲು ಸಪ್ಪೆ ಕೆಲಸ, ಬ್ಯಾಂಕಿನ ಫಾರಂ ತುಂಬಿದ ಹಾಗೆ. ಆದರೆ ಹಾದಿ ತಪ್ಪುತ್ತಿರುವವರ ಸುಳಿವು ಮುಂಚೆ ಸಿಕ್ಕರೆ ಸರಿಪಡಿಸಲು ಸಮಯ ಇರುತ್ತದೆ. ನಾನು ಕೌನ್ಸೆಲರ್ ಹುಡುಕುವುದಾದರೆ ಥೆರಪಿಗಳ ಪಟ್ಟಿಗಿಂತ ಮೊದಲು ಒಂದೇ ಪ್ರಶ್ನೆ ಕೇಳುತ್ತೇನೆ: ಕೆಲಸ ಆಗ್ತಿಲ್ಲ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?

ಜಿಪ್ಪಿನ ಆ ಸೆಷನ್‌ನಲ್ಲಿ ಇನ್ನು ಐದು ನಿಮಿಷ ಉಳಿದಿದೆ ಅನ್ನಿ. ಕೌನ್ಸೆಲರ್ ಪೆನ್ ಕೆಳಗಿಟ್ಟು ಕೇಳುತ್ತಾರೆ: "ಇವತ್ತು ನಾನು ಎಲ್ಲಾದ್ರೂ ತಪ್ಪಿದ್ನಾ?" ಆಕೆ ಮೊದಲು ಇಲ್ಲ ಅನ್ನುತ್ತಾರೆ. ಬ್ಯಾಗ್ ಹೆಗಲಿಗೇರಿಸಿ, ಸ್ವಲ್ಪ ತಡೆದು, "ಅಪ್ಪನ ವಿಷಯ ಬಂದಾಗ ನೀವು ಸ್ವಲ್ಪ ಬೇಗ ಮುಂದಕ್ಕೆ ಹೋದ್ರಿ" ಅನ್ನುತ್ತಾರೆ. ಕೌನ್ಸೆಲರ್ ತಲೆಯಾಡಿಸಿ ಅದನ್ನು ಬರೆದುಕೊಳ್ಳುತ್ತಾರೆ.